ಎಸ್ಟೀಮ್‌ಗೆ ವಿಂಗ್: ಜಾರದ ಮೌಂಟ್ ಕೊನೆಗೂ ಆಯ್ತು

ವೇಗದಲ್ಲಿ ಗಾಳಿಯ ಒತ್ತಡದಿಂದ ಕಾರಿನ ಹಿಂಬದಿಯನ್ನು ನೆಲಕ್ಕೆ ಅದುಮುವ ರೆಕ್ಕೆಯೇ ವಿಂಗ್, ನನ್ನ ಮಾರುತಿ ಎಸ್ಟೀಮ್‌ಗೆ ಅದನ್ನು ಹಾಕಿದ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ, ವಿಂಗ್ ನಾನು ಮಾಡಿದ್ದಲ್ಲ. ಬೆಂಗಳೂರಿನಲ್ಲಿ ಒಬ್ಬರು ಕಾರು ಮಾರುವಾಗ ಬಿಚ್ಚಿಟ್ಟಿದ್ದ ಅಲ್ಯೂಮಿನಿಯಂ ವಿಂಗ್ ಅದು. ಸುಮಾರು ಒಂದೂಕಾಲು ಮೀಟರ್ ಅಗಲ, ಒಂಬತ್ತು ಸಾವಿರಕ್ಕೆ ಸಿಕ್ಕಿತು. ಅದನ್ನು ಕಾರಿಗೆ ಹಿಡಿಸುವ ಮೌಂಟ್ ಮಾತ್ರ ಪೂರ್ತಿ ಹುಬ್ಬಳ್ಳಿಯದು.

ಗೋಕುಲ ರಸ್ತೆಯ ಗ್ಯಾರೇಜುಗಳಲ್ಲಿ ಯಾರೂ ಒಪ್ಪಲಿಲ್ಲ. "85 ಎಚ್‌ಪಿ ಗಾಡಿಗೆ ರೆಕ್ಕಿ ಯಾಕ್ರೀ, ಹಾರಸ್ತೀರೇನು?" ಅಂತ ನಕ್ಕರು. ಎಂಜಿನ್ ಮುಂದಿನ ಚಕ್ರಗಳನ್ನಷ್ಟೇ ತಿರುಗಿಸುವ (ಫ್ರಂಟ್ ವೀಲ್ ಡ್ರೈವ್) ಕಾರಿಗೆ ಹಿಂದೆ ವಿಂಗ್ ಹಾಕುವುದು ಸುಮ್ನೆ ಶೋ ಅನ್ನುವುದು ಅವರ ತೀರ್ಮಾನ. ಆದರೆ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕಾರಿ ಸ್ಪೀಡ್‌ವೇಯಲ್ಲಿ ಜೋರಿನ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಈ ಗಾಡಿಯ ಹಿಂಬದಿ ಹೇಗೆ ಜಾಡಿಸುತ್ತದೆ ಅನ್ನುವುದು ಪಕ್ಕದ ಸೀಟಿನಲ್ಲಿ ಕೂತವರಿಗೇ ಗೊತ್ತು.

ಮೊದಲ ಮೌಂಟ್ ಎಲ್ಲರೂ ಮಾಡುವಂಥದ್ದೇ. ಡಿಕ್ಕಿ ಮುಚ್ಚಳದ ಮೇಲೆ ಎರಡು ಕಾಲು, ವಿಂಗಿನ ಮುಂದಿನ ಅಂಚಿನ ಹತ್ತಿರ ಅದು ತಿರುಗುವ ಕೀಲು (ಪಿವೋಟ್), ಹಿಂದೆ ಬಾಗಿದ ಉದ್ದ ಸೀಳು (ಸ್ಲಾಟ್), ಅದರಲ್ಲಿ ಎಂಟು ಎಂಎಂ ದಪ್ಪದ ಒಂದು ಬೋಲ್ಟ್. ವಿಂಗಿನ ಓರೆಯನ್ನು ಎಂಟು ಡಿಗ್ರಿಗೆ ಸೆಟ್ ಮಾಡಿ ಹೊರಟರೆ ನಾಲ್ಕೈದು ಲ್ಯಾಪ್ ಆದಮೇಲೆ ಮೂರಕ್ಕೆ ಬಂದಿರುತ್ತಿತ್ತು. ಗಾಳಿ ಒತ್ತುತ್ತದೆ, ಗಾಡಿ ನಡುಗುತ್ತದೆ, ಬೋಲ್ಟ್ ಜಾರುತ್ತದೆ. ಹಲ್ಲಿನ ವಾಷರ್ ಹಾಕಿದೆ, ನಡುವೆ ಎಮರಿ ಪೇಪರ್ ಇಟ್ಟೆ. ಸ್ವಲ್ಪ ತಡವಾಗಿ ಜಾರಿತು, ಅಷ್ಟೇ. ಮುಚ್ಚಳದ ತಗಡು ಬೇರೆ ಕಾಲಿನ ಸುತ್ತ ತಗ್ಗಾಯಿತು. ಇದನ್ನು ತಿಳಿಯೋಕೆ ಪ್ರತಿ ಸಲ ಕೊಯಮತ್ತೂರಿಗೆ ಏಳುನೂರು ಕಿಲೋಮೀಟರ್‌ಗೂ ಜಾಸ್ತಿ ಓಡಿಸಬೇಕು. ಪೆಟ್ರೋಲು, ಟೋಲು, ಟ್ರ್ಯಾಕ್ ಫೀ, ರೂಮು, ತಿಂದುಹೋದ ಟೈರು ಸೇರಿ ಒಂದು ಸಲಕ್ಕೆ ಇಪ್ಪತ್ತೈದು ಸಾವಿರದ ಹತ್ತಿರ. ಮೌಂಟ್‌ಗಿಂತ ಅದನ್ನು ಪರೀಕ್ಷಿಸುವ ಖರ್ಚೇ ದೊಡ್ಡದು.

ಆಮೇಲೆ ಟ್ರ್ಯಾಕ್ಟರ್ ಟಾಪ್ ಲಿಂಕ್, ಅಂದರೆ ನೇಗಿಲನ್ನು ಮೇಲಿಂದ ಹಿಡಿಯುವ ಸರಳು, ತಲೆಗೆ ಬಂತು. ನಮ್ಮ ಕಡೆ ಟ್ರ್ಯಾಕ್ಟರ್ ಸ್ಪೇರ್ಸ್‌ಗೆ ಏನು ಬರ? ಒಂದು ತುದಿ ಎಡ ಥ್ರೆಡ್, ಇನ್ನೊಂದು ಬಲ ಥ್ರೆಡ್, ನಡುವೆ ತಿರುಗಿಸಿದರೆ ಉದ್ದ ಬದಲಾಗುತ್ತದೆ. ಅದನ್ನೇ ಚಿಕ್ಕದಾಗಿ ಲೇತ್‌ನಲ್ಲಿ ಮಾಡಿಸಿ ಎರಡು ಬದಿಗೂ ಹಾಕಿದೆ. ನೋಡೋಕೆ ಬಹಳ ಚೆಂದ ಇತ್ತು. ಆದರೆ ಸರಳಿನ ತುದಿಯ ಕೀಲುಗಳಲ್ಲಿ (ರಾಡ್ ಎಂಡ್) ಆಟ, ಅಂದರೆ ಸಡಿಲ, ಬಂತು, ಲಾಕ್ ನಟ್ ಸಡಿಲಾಯಿತು. ಎಡಕ್ಕೊಂದು ಕೋನ, ಬಲಕ್ಕೊಂದು ಕೋನ ಆಗಿ ವಿಂಗೇ ತಿರುಚಿಕೊಂಡಿತು. ಮೂರು ಸಾವಿರದ ಚಿಲ್ಲರೆ ಹೋಯಿತು.

ಇಲ್ಲಿ ಒಂದು ಹಳೇ ಮಾತು. 1969ರ ಸ್ಪ್ಯಾನಿಷ್ ಗ್ರ್ಯಾನ್ ಪ್ರಿ ಎಂಬ ಫಾರ್ಮುಲಾ ಒನ್ ಓಟ, ಮಾಂಜುಯಿಕ್ ಸರ್ಕ್ಯೂಟ್. ಗ್ರಹಾಂ ಹಿಲ್ ಮತ್ತು ಯೋಕನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ಎತ್ತರದ ವಿಂಗ್‌ಗಳು ಓಟದ ನಡುವೆ ಮುರಿದು ಎರಡೂ ಕಾರು ತಡೆಬೇಲಿಗೆ ಬಡಿದವು. ಮುಂದಿನ ಮೊನಾಕೊ ರೇಸಿನಲ್ಲೇ ಎತ್ತರದ ವಿಂಗ್‌ಗಳಿಗೆ ನಿಷೇಧ ಬಂತು. ಅಂಥವರ ಮೌಂಟೇ ಕೈಕೊಟ್ಟಿದೆ ಅಂದಮೇಲೆ ಡಿಕ್ಕಿ ತಗಡನ್ನು ನಂಬುವುದು ಬೇಡ ಅನಿಸಿತು.

ಮೂರನೆಯದಕ್ಕೆ ಸ್ಲಾಟೂ ಇಲ್ಲ, ಥ್ರೆಡ್ಡೂ ಇಲ್ಲ. ಬರೀ ತೂತು. ವಿಂಗ್ ಕಡೆಯ ಪ್ಲೇಟಿನಲ್ಲಿ ಹತ್ತು ಡಿಗ್ರಿಗೊಂದು, ಕಾಲಿನ ಪ್ಲೇಟಿನಲ್ಲಿ ಒಂಬತ್ತು ಡಿಗ್ರಿಗೊಂದು. ವರ್ನಿಯರ್ ಕ್ಯಾಲಿಪರ್ ಓದಲು ಬರುವವರಿಗೆ ಇಷ್ಟು ಸಾಕು. ಎರಡರ ಅಂತರದಲ್ಲಿ ಒಂದು ಡಿಗ್ರಿ ವ್ಯತ್ಯಾಸ ಇರುವುದರಿಂದ, ಯಾವ ಜೋಡಿ ತೂತು ಎದುರಾಗುತ್ತದೋ ಅದರ ಪ್ರಕಾರ ವಿಂಗಿನ ಕೋನ ಒಂದೊಂದೇ ಡಿಗ್ರಿ ಬದಲಾಗುತ್ತದೆ. ಪಿನ್ ಹಾಕಿದರೆ ಜಾರುವ ಮಾತೇ ಇಲ್ಲ. ತೂತಿನ ಎಣಿಕೆ ಎಲ್ಲಿಂದ ಶುರು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಪಿನ್ ಗಲಗಲ ಅನ್ನದಂತೆ ಏನು ಮಾಡಿದೆ ಅನ್ನುವುದನ್ನೂ.

ಪಿವೋಟನ್ನು ವಿಂಗಿನ ಮುಂದಿನ ಅಂಚಿನಿಂದ ಕಾಲು ಭಾಗ ಹಿಂದಕ್ಕೆ ಸರಿಸಿದೆ. ಗಾಳಿಯ ಒತ್ತಡ ಹೆಚ್ಚುಕಡಿಮೆ ಅಲ್ಲೇ ಬೀಳುವುದರಿಂದ ಕೋನದ ಪಿನ್ ಮೇಲೆ ಭಾರ ಬಹಳ ಇಳಿಯಿತು. ಕಾಲುಗಳು ಈಗ ಬಂಪರ್ ಸೀಳಿಕೊಂಡು ನೇರ ಕಾರಿನ ಅಡಿಯ ಗಟ್ಟಿ ತೊಲೆಗೆ (ಚಾಸಿ ರೈಲ್) ಹೋಗುತ್ತವೆ. ಆರು ಎಂಎಂ ಅಲ್ಯೂಮಿನಿಯಂ ಪ್ಲೇಟನ್ನು ತಾರಿಹಾಳದಲ್ಲಿ ಲೇಸರ್ ಕಟ್ ಮಾಡಿಸಿದೆ. ಪ್ಲೇಟು, ಕಟಿಂಗು ಸೇರಿ ಐದು ಸಾವಿರದ ಆಸುಪಾಸು. ತೂತುಗಳನ್ನು ಏಳೂವರೆ ಎಂಎಂಗೆ ಕೊಯ್ಸಿ, ನಿಖರವಾಗಿ ಎಂಟಕ್ಕೆ ತರಲು ರೀಮರ್ ಎಂಬ ಉಪಕರಣ ಹಾಕಿದೆ. ಈ ಕೆಲಸ ಬಿಟ್ಟರೆ ಆಟ ಮತ್ತೆ ಬಂದೇ ಬರುತ್ತದೆ. ಬೋಲ್ಟು, ಪಿನ್ನು, ಅಡ್ಡ ಪೈಪು, ಲೇತ್ ಕೂಲಿ ಎಲ್ಲ ಹಿಡಿದು ಒಂಬತ್ತು ಸಾವಿರ ದಾಟಲಿಲ್ಲ. ಆಮದು ಮಾಲಿಗೆ ಕೇಳಿದಾಗ ಮೂವತ್ತು ಸಾವಿರ ಹೇಳಿದ್ದರು.

ಟ್ರ್ಯಾಕಿಗೆ ಹೋಗುವ ಮೊದಲು ಮನೆ ಮುಂದೆ ವಿಂಗ್ ಮೇಲೆ ಮರಳು ಚೀಲ ಹೇರಿದೆ. ನನ್ನ ಲೆಕ್ಕದಲ್ಲಿ 140 ಕಿಲೋಮೀಟರ್ ವೇಗಕ್ಕೆ ಇಪ್ಪತ್ತೈದು ಮೂವತ್ತು ಕೆಜಿ ಒತ್ತಡ ಬರಬೇಕು. ವೇಗ ಅರ್ಧವಾದರೆ ಒತ್ತಡ ಕಾಲು ಭಾಗ. ನಾನು ನೂರು ಕೆಜಿ ಹೇರಿ ರಾತ್ರಿಯಿಡೀ ಬಿಟ್ಟೆ. ಕೆಳಕ್ಕೆ ಏನೂ ಆಗಲಿಲ್ಲ, ಆದರೆ ಕೈಯಿಂದ ತಳ್ಳಿದರೆ ಪಕ್ಕಕ್ಕೆ ಅಲ್ಲಾಡುತ್ತಿತ್ತು. ಅಡ್ಡ ಪೈಪ್ ಬಂದಿದ್ದು ಅದಕ್ಕೇ. "ಇದು ನಿಲ್ಲಂಗಿಲ್ರೀ" ಅಂದಿದ್ದ ಲೇತ್ ಮಾಲೀಕರೇ ಬಂದು ಜೋತುಬಿದ್ದು ನೋಡಿದರು!

ಕಾರಿಯಲ್ಲಿ ಫಲ ಕಂಡಿತು. ಲ್ಯಾಪ್‌ನಲ್ಲಿ ಅರ್ಧ ಸೆಕೆಂಡ್ ಹತ್ತಿರ ಇಳಿಯಿತು, ಸ್ಟ್ರೈಟ್‌ನಲ್ಲಿ ಎರಡು ಮೂರು ಕಿಲೋಮೀಟರ್ ವೇಗ ಹೋಯಿತು. ಅರ್ಧ ಸೆಕೆಂಡ್‌ಗಿಂತ ದೊಡ್ಡದು, ಜೋರಿನ ತಿರುವಿನಲ್ಲಿ ಹಿಂಬದಿ ಜಾಡಿಸುವುದು ನಿಂತಿದ್ದು. ನಿಧಾನದ ತಿರುವುಗಳಲ್ಲಿ ಏನೂ ವ್ಯತ್ಯಾಸ ಇಲ್ಲ, ಅದು ಇರುವುದೂ ಇಲ್ಲ ಅಲ್ವಾ.

ವಿಂಗಿನ ಅಡಿಗೆ ಸ್ವೆಟರ್ ಉಲ್ಲನ್ ದಾರದ ತುಂಡುಗಳನ್ನು ಅಂಟಿಸಿ, ಹಿಂದಿನ ಗಾಜಿನೊಳಗೆ ಕ್ಯಾಮೆರಾ ಇಟ್ಟೂ ನೋಡಿದೆ. ಹನ್ನೆರಡು ಡಿಗ್ರಿ ದಾಟಿದ ಮೇಲೆ ದಾರಗಳು ದಿಕ್ಕೆಟ್ಟು ಕುಣಿಯತೊಡಗಿದವು. ಅಲ್ಲಿಂದ ಮುಂದೆ ಬರೀ ಡ್ರ್ಯಾಗ್, ಅಂದರೆ ಕಾರನ್ನು ಹಿಂದಕ್ಕೆಳೆಯುವ ಗಾಳಿಯ ತಡೆ. ಈ ಚಿತ್ರ ನೋಡಿದ ಮೇಲೆ ಗ್ಯಾರೇಜಿನ ಮಿತ್ರರೊಬ್ಬರು ಪ್ಲೇಟಿನ ಡ್ರಾಯಿಂಗ್ ಕೇಳಿದ್ದಾರೆ. ಕೊಡುತ್ತೇನೆ, ಪಿನ್ ಇಲ್ಲದೆ.

ಊರಿನ ರಸ್ತೆಯಲ್ಲಿ ವಿಂಗ್ ಇರುವುದಿಲ್ಲ. ಪಿನ್ ಎಳೆದು ಹತ್ತು ನಿಮಿಷದಲ್ಲಿ ಬಿಚ್ಚಿ ಹಿಂದಿನ ಸೀಟಿನಲ್ಲಿ ಓರೆಯಾಗಿ ಮಲಗಿಸುತ್ತೇನೆ. ಈಗ ಹಿಂದಿನ ಅಂಚಿಗೆ ಹನ್ನೆರಡು ಎಂಎಂ ಅಲ್ಯೂಮಿನಿಯಂ ಆ್ಯಂಗಲ್ ರಿವಿಟ್ ಮಾಡಿ ಗರ್ನಿ ಫ್ಲಾಪ್, ಅಂದರೆ ಒತ್ತಡ ಹೆಚ್ಚಿಸುವ ನೆಟ್ಟಗಿನ ಚಿಕ್ಕ ಪಟ್ಟಿ, ಹಾಕಿದ್ದೇನೆ. ನೂರೈವತ್ತು ರೂಪಾಯಿ ಖರ್ಚು. ಅದರ ಜೊತೆ ಕೋನವನ್ನು ಎರಡು ಡಿಗ್ರಿ ಇಳಿಸಿ ಮುಂದಿನ ಸಲ ಓಡಿಸಿ ನೋಡಬೇಕು.