ಮೊದಲ ಡಿಎಸ್‌ಎಲ್‌ಆರ್: ಬಾಡಿಗಿಂತ ಮೊದಲು ಲೆನ್ಸ್ ಆರಿಸಿ

ಮಳೆ ಶುರುವಾಗುವ ಮುಂಚೆ ಶಿರಸಿಯಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾಳೆ. ಮಕ್ಕಳಿಗೆ ಪಾಠ ಹೇಳಿ ಒಂದಿಷ್ಟು ದುಡ್ಡು ಕೂಡಿಸಿದ್ದಾಳೆ. ‘ಮಾವ, ಡಿಎಸ್‌ಎಲ್‌ಆರ್ ತಗೋಬೇಕು. ಕ್ಯಾನನ್ನೋ ನಿಕಾನೋ?’ ಅಂದಳು. ಡಿಎಸ್‌ಎಲ್‌ಆರ್ ಅಂದರೆ ಒಳಗೆ ಕನ್ನಡಿ ಇರುವ, ಲೆನ್ಸ್ ಬಿಚ್ಚಿ ಬದಲಿಸಬಹುದಾದ ಕ್ಯಾಮೆರಾ. ‘ಏನು ಫೋಟೊ ತೆಗೀಬೇಕು ನಿಂಗೆ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅಜ್ಜಿದು. ಬೆಳಿಗ್ಗೆ ಒಲೆ ಮುಂದೆ ಕೂತಿರ್ತಾಳಲ್ಲ, ಅದು ಫೋನಲ್ಲಿ ಸರಿಯಾಗಿ ಬರೋದೇ ಇಲ್ಲ’ ಅಂದಳು.

ಹೊಸದಾಗಿ ಕ್ಯಾಮೆರಾ ಕೊಳ್ಳುವ ಎಲ್ಲರೂ ಮೊದಲು ಇಂಥ ಒಂದು ಉತ್ತರ ಹುಡುಕಿಕೊಳ್ಳಬೇಕು. ಕತ್ತಲೆ ಅಡುಗೆಮನೆ, ಇಕ್ಕಟ್ಟು ಜಾಗ, ಎಂಟಡಿ ದೂರದಲ್ಲಿ ಕೂತ ಒಬ್ಬ ಅಜ್ಜಿ. ಇಷ್ಟು ಗೊತ್ತಾದರೆ ಯಾವ ಲೆನ್ಸ್ ಬೇಕು ಅನ್ನುವುದು ಗೊತ್ತಾಗುತ್ತದೆ. ಲೆನ್ಸ್ ಗೊತ್ತಾದರೆ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ತಾನಾಗಿ ಗೊತ್ತಾಗುತ್ತದೆ. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಇರುವ ದುಡ್ಡೆಲ್ಲ ಬಾಡಿಯ ಮೇಲೆ ಸುರಿದು, ಜೊತೆಗೆ ಬಂದ ಲೆನ್ಸ್‌ನಲ್ಲೇ ವರ್ಷಗಟ್ಟಲೆ ಕಳೆಯುತ್ತೇವೆ.

ಒಂದು ದಿನ, ಒಂದು ಟೇಪು

ಹೊಸಬರಿಗೆಂದೇ ಮಾಡುವ ಆರಂಭದ ಕ್ಯಾಮೆರಾಗಳ ಜೊತೆ ಬರುವುದು 18-55 ಎಂ.ಎಂ. ಕಿಟ್ ಲೆನ್ಸ್. ಈ ಎಂ.ಎಂ. ಸಂಖ್ಯೆ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಆದರೆ ಫೋಟೊದಲ್ಲಿ ಹಿಡಿಯುವ ಜಾಗ ಕಡಿಮೆಯಾಗುತ್ತದೆ. ಗೆಳೆಯರ ಹತ್ತಿರ ಒಂದು ಇದ್ದೇ ಇರುತ್ತದೆ, ಇಲ್ಲದಿದ್ದರೆ ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಅದರ ಝೂಮ್ ರಿಂಗನ್ನು 35ರ ಗುರುತಿಗೆ ತಿರುಗಿಸಿ, ಅಲುಗಾಡದಂತೆ ಟೇಪು ಹಚ್ಚಿ. ನೀವು ಫೋಟೊ ತೆಗೆಯಬೇಕು ಅಂದುಕೊಂಡ ಜಾಗದಲ್ಲೇ ಅರ್ಧ ದಿನ ತೆಗೆಯಿರಿ. ಆಮೇಲೆ 50ಕ್ಕೆ ತಿರುಗಿಸಿ ಇನ್ನರ್ಧ ದಿನ.

ಲೆಕ್ಕ ಹೀಗಿದೆ. ಆರಂಭದ ನಿಕಾನ್ ಕ್ಯಾಮೆರಾಗಳ ಸೆನ್ಸರ್, ಅಂದರೆ ಬೆಳಕು ಬಿದ್ದು ಚಿತ್ರ ಮೂಡುವ ಫಲಕದ ಅಗಲ 23.5 ಎಂ.ಎಂ. ಎಂಟಡಿ ದೂರ ನಿಂತರೆ 18 ಎಂ.ಎಂ.ನಲ್ಲಿ ಹತ್ತಡಿಗಿಂತ ಜಾಸ್ತಿ ಅಗಲದ ಜಾಗ ಕಾಣುತ್ತದೆ. 35ರಲ್ಲಿ ಐದೂಕಾಲಡಿ ಚಿಲ್ಲರೆ. 50ರಲ್ಲಿ ನಾಲ್ಕಡಿಗೂ ಕಡಿಮೆ. ಕ್ಯಾನನ್‌ನದು 22.3 ಎಂ.ಎಂ., ಅದರಲ್ಲಿ ಇನ್ನೂ ಸ್ವಲ್ಪ ಕಡಿಮೆ.

ನಮ್ಮ ಹುಡುಗಿ ಇದನ್ನು ಮಾಡಿ ನೋಡಿದಳು. 50ರಲ್ಲಿ ಬೆನ್ನು ಗೋಡೆಗೆ ಹತ್ತಿದರೂ ಅಜ್ಜಿ ಬಂದರೆ ಒಲೆ ಬರುವುದಿಲ್ಲ, ಒಲೆ ಬಂದರೆ ಅಜ್ಜಿಯ ಬೆನ್ನು ಕತ್ತರಿಸಿ ಹೋಗುತ್ತದೆ. 35ರಲ್ಲಿ ಅಜ್ಜಿ, ಒಲೆ, ಪಕ್ಕದ ತಾಮ್ರದ ಹಂಡೆ ಎಲ್ಲ ಬಂತು. ‘50 ಎಂ.ಎಂ. ತಗೊ, ಎಲ್ಲರೂ ಅದನ್ನೇ ತಗೊಳ್ಳೋದು’ ಅಂತ ಗೆಳತಿಯರು ಹೇಳಿದ್ದರಂತೆ. ಅದು ಒಳ್ಳೆಯ ಲೆನ್ಸೇ. ಅಂಗಳದಲ್ಲಿ, ಬಯಲಲ್ಲಿ ಮುಖದ ಫೋಟೊ ತೆಗೆಯಲು ಚಂದ. ಆದರೆ ನಮ್ಮ ಮನೆಗಳ ಒಳಕೋಣೆಯಲ್ಲಿ ಅದು ಹಿಡಿಯುವ ಜಾಗ ಸಾಲದು.

ಬೆಳಕಿನ ಲೆಕ್ಕ

ಹಾಗಾದರೆ ಕಿಟ್ ಲೆನ್ಸನ್ನೇ 35ಕ್ಕೆ ಇಟ್ಟುಕೊಂಡು ತೆಗೆಯಬಹುದಲ್ವಾ? ಹಗಲಲ್ಲಿ ಧಾರಾಳವಾಗಿ ತೆಗೆಯಬಹುದು. ಅಡುಗೆಮನೆಯಲ್ಲಿ ಕಷ್ಟ. ಲೆನ್ಸಿನ ಒಳಗೆ ಬೆಳಕು ಬಿಡುವ ಕಿಂಡಿ ಇರುತ್ತದೆ, ಅದೇ ಅಪರ್ಚರ್. ಎಫ್ ಪಕ್ಕದ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. 35ರ ಹತ್ತಿರ ಕಿಟ್ ಲೆನ್ಸಿನ ಕಿಂಡಿ ಎಫ್ 4.5ಕ್ಕಿಂತ ದೊಡ್ಡದಾಗುವುದಿಲ್ಲ. ನಿಕಾನ್‌ನ 35 ಎಂ.ಎಂ. ಡಿಎಕ್ಸ್ (ಈ ಅಳತೆಯ ಸೆನ್ಸರಿಗೆಂದೇ ಮಾಡಿದ) ಲೆನ್ಸ್ ಎಫ್ 1.8ರವರೆಗೆ ತೆರೆಯುತ್ತದೆ. ಒಳಗೆ ಬರುವ ಬೆಳಕು ಆರು ಪಟ್ಟು ಜಾಸ್ತಿ. ಕಿಟ್ ಲೆನ್ಸಲ್ಲಿ ಸೆಕೆಂಡಿನ 20ರಲ್ಲಿ ಒಂದು ಪಾಲು ಶಟರ್ (ಸೆನ್ಸರ್ ಮುಂದಿನ ಪರದೆ) ತೆರೆದಿರಬೇಕಾದ ಕಡೆ ಇಲ್ಲಿ 125ರಲ್ಲಿ ಒಂದು ಪಾಲು ಸಾಕು. ಮೊದಲನೆಯದರಲ್ಲಿ ದೋಸೆ ಮಗುಚುವ ಕೈ ಮಸುಕಾಗುತ್ತದೆ. ಎರಡನೆಯದರಲ್ಲಿ ಬಳೆ ಎಣಿಸಬಹುದು.

ಈ ಲೆನ್ಸ್ ಬಂದದ್ದು 2009ರಲ್ಲಿ. ತೂಕ 200 ಗ್ರಾಂ. ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತದೆ.

ಒಂದು ಎಚ್ಚರಿಕೆ. ಕಿಂಡಿ ದೊಡ್ಡದಾದಷ್ಟೂ ಫೋಕಸ್ ಆಗುವ ಜಾಗ ತೆಳುವಾಗುತ್ತದೆ. ಎಂಟಡಿ ದೂರದಲ್ಲಿ ಎಫ್ 1.8ರಲ್ಲಿ ಒಂದಡಿಗಿಂತ ಸ್ವಲ್ಪ ಜಾಸ್ತಿ ಆಳ ಸಿಗುತ್ತದೆ, ಪರವಾಗಿಲ್ಲ. ಮೂರಡಿ ಹತ್ತಿರ ಹೋದರೆ ಸಿಗುವುದು ಸುಮಾರು ಎರಡೇ ಇಂಚು. ಕಣ್ಣು ಸ್ಪಷ್ಟವಾಗಿ ಬಂದರೆ ಕಿವಿ ಮಸುಕು.

ನಿಮ್ಮ ಆಸೆ ಬೇರೆ ಇದ್ದರೆ ಲೆನ್ಸೂ ಬೇರೆ. ಗದ್ದೆ, ಗುಡ್ಡ, ಜಲಪಾತ ತೆಗೆಯುವವರಿಗೆ ಕಿಟ್ ಲೆನ್ಸ್ ಸಾಕು, ಉಳಿದ ದುಡ್ಡಲ್ಲಿ ಗಟ್ಟಿ ಟ್ರೈಪಾಡ್ ತನ್ನಿ. ಯಕ್ಷಗಾನದ ಮೇಳದ ಎದುರು ಮೊದಲ ಸಾಲಲ್ಲಿ ಕೂರುವವರಿಗೆ ಅದೇ 50 ಎಂ.ಎಂ. ಎಫ್ 1.8 ಬಲು ಒಳ್ಳೆಯದು. ಹಕ್ಕಿ ಬೇಕು ಅನ್ನುವವರು ಕ್ಯಾನನ್‌ನಲ್ಲಿ 55-250, ನಿಕಾನ್‌ನಲ್ಲಿ 70-300 ನೋಡಿ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಕೊಕ್ಕರೆ ತೆಗೆಯಲು ಇವು ಸಾಕು. ಮರದ ತುದಿಯ ಸಣ್ಣ ಹಕ್ಕಿಗೆ ಸಾಲುವುದಿಲ್ಲ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ.

ಈಗ ಬಾಡಿ

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎ4 ಅಳತೆಯಲ್ಲಿ ಒಳ್ಳೆಯ ಪ್ರಿಂಟ್ ಹಾಕಿಸಲು ಸುಮಾರು 9 ಮೆಗಾಪಿಕ್ಸೆಲ್ ಸಾಕು. ಆರಂಭದ ಕ್ಯಾಮೆರಾಗಳಲ್ಲಿ 18 ಅಥವಾ 24 ಇರುತ್ತದೆ. ನೋಡಬೇಕಾದ್ದು ಬೇರೆ.

ನಿಕಾನ್‌ನ ಡಿ3500, ಡಿ5600ರಂಥ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ಲೆನ್ಸಿನಲ್ಲೇ ಇರಬೇಕು. ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿದ್ದರೆ ಸರಿ. ಬರೀ ಎಎಫ್ ಅಂತಲೋ ಎಎಫ್-ಡಿ ಅಂತಲೋ ಇದ್ದರೆ ಕೈಯಲ್ಲೇ ಫೋಕಸ್ ಮಾಡಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡು ಆಮೇಲೆ ಪರದಾಡುವವರನ್ನು ನಾನು ಬಹಳ ನೋಡಿದ್ದೇನೆ. ಇನ್ನೊಂದು: ಡಿ3200, ಡಿ5100ರಂಥ ಹಳೆಯ ಬಾಡಿಗಳಲ್ಲಿ ಎಎಫ್-ಪಿ ಲೆನ್ಸ್ ಕೆಲಸ ಮಾಡುವುದಿಲ್ಲ.

ಕ್ಯಾನನ್‌ನಲ್ಲಿ ಈ ತೊಂದರೆ ಇಲ್ಲ. 1987ರಿಂದ ಬಂದ ಇಎಫ್ ಲೆನ್ಸುಗಳಲ್ಲೆಲ್ಲ ಆಟೊಫೋಕಸ್ ಮೋಟಾರ್ ಲೆನ್ಸಿನ ಒಳಗೇ ಇದೆ. ಲೆನ್ಸಿನ ಬುಡದಲ್ಲಿ ಕೆಂಪು ಚುಕ್ಕೆ ಇದ್ದರೆ ಇಎಫ್, ಬಿಳಿ ಚೌಕ ಇದ್ದರೆ ಇಎಫ್-ಎಸ್. ಆರಂಭದ ಬಾಡಿಗಳಲ್ಲಿ ಎರಡೂ ಗುರುತು ಇರುತ್ತವೆ, ಎರಡೂ ಕೂರುತ್ತವೆ. ಆದರೆ ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಕ್ಯಾಮೆರಾಗಳ ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗದಲ್ಲಿ ನಡುವಿನ ಪಿನ್ ಇಲ್ಲ. ಬೇರೆ ಕಂಪನಿಗಳ ಸಾದಾ ಫ್ಲ್ಯಾಶ್ ಅವುಗಳಲ್ಲಿ ಹೊತ್ತುವುದಿಲ್ಲ. ಮುಂದೆ ಮದುವೆ ಮನೆಯ ಫೋಟೊ ತೆಗೆಯುವ ಯೋಚನೆ ಇದ್ದವರು ಇದನ್ನು ನೆನಪಿಡಿ. 3000ಡಿಯಲ್ಲಿ ಲೆನ್ಸ್ ಕೂರುವ ಬಳೆಯೂ ಪ್ಲಾಸ್ಟಿಕ್. ಅದನ್ನು ಕೊಳ್ಳಿ ಅಂತ ನಾನಂತೂ ಹೇಳುವುದಿಲ್ಲ.

ವಿಡಿಯೊ ಮಾಡುವವರಿಗೆ ಮೈಕ್ ಸಿಕ್ಕಿಸುವ ಜಾಗ ಮತ್ತು ತಿರುಗುವ ಪರದೆ ಬೇಕು. ಡಿ5600 ಮತ್ತು 200ಡಿ ಮಾರ್ಕ್ 2ರಲ್ಲಿ ಎರಡೂ ಇವೆ, ಡಿ3500ರಲ್ಲಿ ಎರಡೂ ಇಲ್ಲ.

ಕೊನೆಗೆ ಕೈಯಲ್ಲಿ ಹಿಡಿದು ನೋಡಿ. ಕಿರುಬೆರಳು ಹಿಡಿಯಿಂದ ಜಾರುತ್ತದಾ? ಹಿಂದಿನ ನೋಡುವ ಕಿಂಡಿಗೆ (ವ್ಯೂಫೈಂಡರ್) ಕಣ್ಣು ಒತ್ತಿದಾಗ ಕನ್ನಡಕ ಅಡ್ಡ ಬರುತ್ತದಾ? ಆನ್‌ಲೈನ್‌ನಲ್ಲಿ ಕೊಳ್ಳುವವರೂ ಇದಕ್ಕಾಗಿ ಒಮ್ಮೆ ಅಂಗಡಿಗೆ ಹೋಗಬೇಕು.

ಈಗ ಡಿಎಸ್‌ಎಲ್‌ಆರ್ ಕೊಳ್ಳುವುದೇ ಸರಿಯಾ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2020ರ ನಂತರ ಕ್ಯಾನನ್ ಮತ್ತು ನಿಕಾನ್ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೊರಳಿವೆ. ಕೈಯಲ್ಲಿ ದುಡ್ಡು ಜಾಸ್ತಿ ಇದ್ದು ಹೊಸದೇ ಬೇಕು ಅನ್ನುವವರು ಮಿರರ್‌ಲೆಸ್ ನೋಡಿ. ಕಡಿಮೆ ದುಡ್ಡಲ್ಲಿ ಒಳ್ಳೆಯ ಲೆನ್ಸಿನ ಜೊತೆ ಕಲಿಯಬೇಕು ಅನ್ನುವವರಿಗೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಇವತ್ತಿಗೂ ನನ್ನ ಮೊದಲ ಸಲಹೆ. ಬ್ಯಾಟರಿಯೂ ಬಹಳ ಬಾಳುತ್ತದೆ. ಡಿ3500ರಲ್ಲಿ ಒಂದು ಚಾರ್ಜ್‌ಗೆ 1,550 ಫೋಟೊ ಅಂತ ಕಂಪನಿಯೇ ಹೇಳಿದೆ. ಮುಂದೆ ಮಿರರ್‌ಲೆಸ್‌ಗೆ ಹೋದರೂ ಇವತ್ತು ಕೊಂಡ ಎಎಫ್-ಎಸ್ ಅಥವಾ ಇಎಫ್ ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸಬಹುದು.

ಹಳೆಯದು ಕೊಳ್ಳುವಾಗ

ಜೇಬಲ್ಲಿ ನಿಮ್ಮದೇ ಮೆಮೊರಿ ಕಾರ್ಡ್ ಇರಲಿ, ಫೋನಿನಲ್ಲಿ ಟಾರ್ಚ್ ಇರಲಿ. ಮೊದಲು ಲೆನ್ಸನ್ನು ಬಿಚ್ಚಿ ಹಿಂದಿನಿಂದ ಟಾರ್ಚ್ ಹಾಕಿ, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಕಂಡರೆ ಏನೂ ತೊಂದರೆ ಇಲ್ಲ. ಅಂಚಿನಿಂದ ಒಳಕ್ಕೆ ಜೇಡರ ಬಲೆಯಂಥ ಸಣ್ಣ ಎಳೆಗಳು ಹರಡಿದ್ದರೆ ಅದು ಫಂಗಸ್. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಆಮೇಲೆ ಲೆನ್ಸ್ ಹಾಕಿ, ಅಪರ್ಚರ್ ಎಫ್ 22ಕ್ಕೆ ಇಟ್ಟು, ಫೋಕಸ್ ಕೆಡಿಸಿ ಆಕಾಶದ ಒಂದು ಫೋಟೊ ತೆಗೆಯಿರಿ. ಹಿಗ್ಗಿಸಿ ನೋಡಿದರೆ ಸೆನ್ಸರ್ ಮೇಲಿನ ಕೊಳೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಒಂದೆರಡು ಚುಕ್ಕೆ ಒರೆಸಿದರೆ ಹೋಗುತ್ತವೆ, ಗೀರು ಹೋಗುವುದಿಲ್ಲ. ಬ್ಯಾಟರಿ ಉಬ್ಬಿದೆಯಾ ನೋಡಿ. ನಿಕಾನ್ ಆದರೆ ಆಗಷ್ಟೇ ತೆಗೆದ ಜೆಪೆಗ್ ಫೋಟೊದ ಒಳಗೇ ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವ ಲೆಕ್ಕ ಇರುತ್ತದೆ. ಅದನ್ನು ಓದಿ ಹೇಳುವ ಜಾಲತಾಣಗಳಿವೆ. ಡಿ3500ರ ಶಟರನ್ನು ಒಂದು ಲಕ್ಷ ಸಲಕ್ಕೆ ಪರೀಕ್ಷೆ ಮಾಡಿದ್ದಾರೆ. 30 ಸಾವಿರದ ಒಳಗಿದ್ದರೆ ನಾನು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ. ಬಿಲ್ಲು ಕೇಳಿ, ಅದರ ಮೇಲಿನ ಸೀರಿಯಲ್ ನಂಬರ್ ಕ್ಯಾಮೆರಾದ ತಳದಲ್ಲಿರುವುದಕ್ಕೆ ತಾಳೆಯಾಗಬೇಕು. ಹೊಸದು ಕೊಳ್ಳುವವರಿಗೆ ಒಂದೇ ಮಾತು: ಭಾರತದ ವಾರಂಟಿ ಕಾರ್ಡ್ ಇಲ್ಲದ್ದನ್ನು ತರಬೇಡಿ.

ಮಳೆಗಾಲದ ಡಬ್ಬಿ

ಮಲೆನಾಡು, ಕರಾವಳಿಯವರು ಇದನ್ನು ಎರಡು ಸಲ ಓದಿ. ನನ್ನ ಮೊದಲ ಲೆನ್ಸನ್ನು ಬ್ಯಾಗಿನಲ್ಲಿ ಹಾಕಿ ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದೆ. ಜೂನ್‌ನಲ್ಲಿ ಇಟ್ಟದ್ದು, ಚೌತಿಗೆ ತೆಗೆದಾಗ ಗಾಜಿನ ಒಳಗೆ ಬಿಳಿ ಎಳೆಗಳು. ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು, ಆದರೆ ಗಾಜಿನ ಲೇಪವನ್ನೇ ಫಂಗಸ್ ತಿಂದಿತ್ತು. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ. ಬ್ಯಾಗಿನ ಸ್ಪಂಜು ತೇವ ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತೇವ ಅಳೆಯುವ ಸಣ್ಣ ಮೀಟರ್ ಇಡಿ. ಮುಳ್ಳು 40ರಿಂದ 50 ಶೇಕಡದ ನಡುವೆ ಇರಬೇಕು. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಅಂತ ಅರ್ಥ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಈ ಡಬ್ಬಿ, ಒಳ್ಳೆಯ ಮೆಮೊರಿ ಕಾರ್ಡ್, ಇನ್ನೊಂದು ಬ್ಯಾಟರಿ, ಇಷ್ಟಕ್ಕೆ ದುಡ್ಡು ಮೊದಲೇ ತೆಗೆದಿಟ್ಟು ಉಳಿದದ್ದರಲ್ಲಿ ಲೆನ್ಸ್ ಮತ್ತು ಬಾಡಿ ನೋಡಿ.

ಅಕ್ಕನ ಮಗಳು ಕೊನೆಗೆ ಸೆಕೆಂಡ್ ಹ್ಯಾಂಡ್ ಡಿ3500 ಬಾಡಿ ಮತ್ತು 35 ಎಂ.ಎಂ. ಲೆನ್ಸ್ ಕೊಂಡಳು. ಕಿಟ್ ಲೆನ್ಸ್ ಸದ್ಯಕ್ಕೆ ಬೇಡ ಅಂದಳು. ಹೊಗೆ, ಮಸಿ ಇರುವ ಕಡೆ ಲೆನ್ಸ್ ಬಿಚ್ಚಬೇಡ, ಬೇಕಾದರೆ ಜಗಲಿಗೆ ಬಂದು ಬದಲಿಸು ಅಂತ ಹೇಳಿದ್ದೆ. ಬದಲಿಸಲು ಇನ್ನೊಂದು ಲೆನ್ಸೇ ಇಲ್ಲವಲ್ಲ ಮಾವ ಅಂತ ನಕ್ಕಳು.

ಹೋದ ಭಾನುವಾರ ಮೊದಲ ಫೋಟೊ ಕಳಿಸಿದಳು. ಅಜ್ಜಿಯ ಕೆನ್ನೆ ಮೇಲೆ ಬೆಂಕಿಯ ಬೆಳಕು ಅವಳು ಬಯಸಿದ ಹಾಗೇ ಬಂದಿದೆ. ಆದರೆ ಫೋಕಸ್ ಕೂತಿರುವುದು ಮುಂದೆ ಚಾಚಿದ ಊದುಗೊಳವೆಯ ತುದಿಯ ಮೇಲೆ, ಕಣ್ಣು ಮಸುಕು. ಕ್ಯಾಮೆರಾ ತಾನೇ ಬಿಂದು ಆರಿಸುವಂತೆ ಬಿಟ್ಟಿದ್ದಾಳೆ. ಮೆನುವಿನಲ್ಲಿ ಸಿಂಗಲ್ ಪಾಯಿಂಟ್‌ಗೆ ಬದಲಿಸು, ಆ ಬಿಂದುವನ್ನು ಅಜ್ಜಿಯ ಹತ್ತಿರದ ಕಣ್ಣಿನ ಮೇಲಿಡು, ಅಪರ್ಚರ್ 1.8ರ ಬದಲು 2.8 ಮಾಡಿ ನೋಡು ಅಂತ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಒಲೆ ಹೊತ್ತಿಸುವಾಗ ಮತ್ತೆ ತೆಗೆಯುತ್ತಾಳಂತೆ.