ಬೆಪ್ಪುವಿಗೆ ಹೋಗಿ ಬೆಪ್ಪಾಗದಂತೆ: ಒಂದೇ ದಿನದ ಬಿಸಿನೀರ ಬುಗ್ಗೆ ಪ್ರವಾಸ

'ಹಾಟ್ ಸ್ಪ್ರಿಂಗ್ ಡೇ ಟೂರ್' ಎಂದು ಬರೆದಿದ್ದರೆ ಸ್ನಾನವೂ ಅದರಲ್ಲೇ ಸೇರಿದೆ ಎಂದುಕೊಳ್ಳುವುದು ಸಹಜ. ಜಪಾನಿನ ಫುಕುವೋಕದಿಂದ ಹೊರಡುವ ಯುಫುಯಿನ್–ಬೆಪ್ಪು ಬಸ್ ಪ್ರವಾಸಗಳಲ್ಲಿ ಹೆಚ್ಚಿನವುಗಳಲ್ಲಿ ಅದು ಸೇರಿರುವುದಿಲ್ಲ. ಹತ್ತು ಹನ್ನೊಂದು ಗಂಟೆಯ ಆ ದಿನದಲ್ಲಿ ಕುದಿಯುವ ಕೊಳಗಳನ್ನು ಬೇಲಿಯ ಈಚೆ ನಿಂತು ನೋಡುತ್ತೀರಿ, ಅದೇ ನೀರಲ್ಲಿ ಬೆಂದ ಮೊಟ್ಟೆ ತಿನ್ನುತ್ತೀರಿ, ಪಾದ ಅದ್ದುತ್ತೀರಿ. ಮೈ ಮುಳುಗಿಸಬೇಕೆಂದರೆ ಆ ಒಂದು ಗಂಟೆಯನ್ನು ನೀವೇ ಹೊಂಚಿಕೊಳ್ಳಬೇಕು. ನಾನು ಅದನ್ನು ಹೊಂಚಿದ ಬಗೆಯನ್ನಷ್ಟೇ ಇಲ್ಲಿ ಬರೆದಿದ್ದೇನೆ.

ದಾರಿ ಹೀಗೆ: ಕ್ಯೂಶು ದ್ವೀಪದ ಫುಕುವೋಕ ನಗರದ ಹಕಾತ ನಿಲ್ದಾಣದಿಂದ ಬೆಳಗ್ಗೆ ಎಂಟರ ಸುಮಾರಿಗೆ ಬಸ್ಸು ಬಿಡುತ್ತದೆ. ಬಹಳಷ್ಟು ಪ್ರವಾಸಗಳಲ್ಲಿ ಮೊದಲು ದಜೈಫು ದೇಗುಲ, ಆಮೇಲೆ ಒಯಿತ ಪ್ರಾಂತ್ಯದ ಯುಫುಯಿನ್ ಕಣಿವೆ, ಕೊನೆಗೆ ಬೆಪ್ಪು. ಸಂಜೆ ಆರೂವರೆ ಏಳಕ್ಕೆ ಮರಳಿ ಹಕಾತ. ಹೆಸರು ಕೇಳಿ ನಗುವವರು ಈಗಲೇ ನಕ್ಕು ಮುಗಿಸಿ. ಬುಗ್ಗೆಗಳ ಸಂಖ್ಯೆಯಲ್ಲೂ ಉಕ್ಕುವ ನೀರಿನ ಪ್ರಮಾಣದಲ್ಲೂ ಬೆಪ್ಪು ಜಪಾನಿಗೇ ಮೊದಲನೆಯದು. 2,000ಕ್ಕೂ ಮಿಕ್ಕಿ ಬುಗ್ಗೆಗಳಿವೆ. ಪುತ್ತೂರು ತಾಲೂಕಿನ ಬೆಂದ್ರ್ ತೀರ್ಥವೊಂದನ್ನೇ ಕಂಡವರಿಗೆ ಈ ಲೆಕ್ಕ ನಂಬುವುದು ಕಷ್ಟ. ಗೈಡ್ ಕೂತ ಬಸ್ಸಿನಲ್ಲಿ ಬುಗ್ಗೆ ನೋಡುತ್ತ ಹೋಗುವ ಪದ್ಧತಿಗೂ ಈ ಊರೇ ತವರು. ಅಬುರಾಯ ಕುಮಹಚಿ ಎಂಬ ಉದ್ಯಮಿ 1928ರಲ್ಲಿ ಇಲ್ಲಿ ಬಸ್ಸು ಬಿಟ್ಟು, ಜಪಾನಿನಲ್ಲೇ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಬಸ್ ಗೈಡ್ ಮಾಡಿದ. ಅವರು ವಿವರಣೆಯನ್ನು ಏಳು-ಐದು ಮಾತ್ರೆಯ ಪದ್ಯದ ಧಾಟಿಯಲ್ಲಿ ಹೇಳುತ್ತಿದ್ದರಂತೆ. ಇವತ್ತಿನ ಬಸ್ಸಿನಲ್ಲಿ ಪದ್ಯ ಕಾಣೆ. ಒಂದೇ ಮಾತನ್ನು ಇಂಗ್ಲಿಷ್, ಚೀನಿ, ಕೊರಿಯನ್ ಮೂರರಲ್ಲೂ ಹೇಳಬೇಕಾದ ಗೈಡಿಗೆ ಪ್ರತಿ ಭಾಷೆಗೆ ಸಿಗುವುದು ಎರಡೇ ನಿಮಿಷ. ಹೀಗಾಗಿ ವಿವರಗಳನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು.

ಟೂರ್ ಆಯ್ಕೆ ಮಾಡುವಾಗ ನಾನು ಮೊದಲು ನೋಡುವುದು ನಿಮಿಷಗಳನ್ನು, ಚಿತ್ರಗಳನ್ನಲ್ಲ. ಯುಫುಯಿನ್‌ಗೆ 120 ನಿಮಿಷಕ್ಕಿಂತ ಕಡಿಮೆ ಕೊಟ್ಟಿದ್ದರೆ ಅಲ್ಲಿ ಸ್ನಾನ ಸಾಧ್ಯವಿಲ್ಲ ಎಂದೇ ಲೆಕ್ಕ. ದಜೈಫು ಸೇರಿಸಿದ ಪ್ರವಾಸಗಳಲ್ಲಿ ಈ ನಿಮಿಷಗಳಿಗೇ ಕತ್ತರಿ ಬೀಳುವುದು ಹೆಚ್ಚು. ದಜೈಫು ಚೆಂದದ ಜಾಗವೇ, ಆದರೆ ಹಕಾತದಿಂದ ಅರ್ಧ ಗಂಟೆಯ ದೂರ. ಬೇರೆ ದಿನ ಲೋಕಲ್ ರೈಲಿನಲ್ಲಿ ಹೋಗಿ ಬರಬಹುದು. ಅದಕ್ಕಾಗಿ ಬಿಸಿನೀರಿನ ಹೊತ್ತು ಕಳೆದುಕೊಳ್ಳಬೇಡಿ. ಎರಡನೆಯದಾಗಿ, ಬೆಪ್ಪುವಿನಲ್ಲಿ 'ಜಿಗೊಕು' ಅಂದರೆ ನರಕ ಎಂದು ಕರೆಯುವ ಕುದಿಯುವ ಕೊಳ-ಬುಗ್ಗೆಗಳಲ್ಲಿ ಎಷ್ಟನ್ನು ತೋರಿಸುತ್ತಾರೆ, ಪ್ರವೇಶಶುಲ್ಕ ಸೇರಿದೆಯೇ ಎಂದು ನೋಡಿ. ಇರುವುದು ಏಳು, ಹೆಚ್ಚಿನ ಬಸ್ಸುಗಳು ನಿಲ್ಲುವುದು ಒಂದೋ ಎರಡೋ ಕಡೆ. ಮೂರನೆಯದು, ಕನಿಷ್ಠ ಇಷ್ಟು ಜನ ಆಗದಿದ್ದರೆ ಪ್ರವಾಸ ರದ್ದು ಎಂಬ ಷರತ್ತು. ಮರುದಿನವೇ ವಿಮಾನ ಇರುವವರು ಈ ಸಾಲು ಓದದೆ ಹಣ ಕಟ್ಟಬಾರದು.

ಜಾಹೀರಾತುಗಳಲ್ಲಿ ಕಾಣುವ ಮಂಜು ಮುಸುಕಿದ, ಯುಫುಯಿನ್‌ನ ಕಿನ್ರಿನ್ ಕೆರೆಯ ಬಗ್ಗೆ ಒಂದು ಮಾತು. ಕೆರೆಯ ತಳದಲ್ಲಿ ತಣ್ಣೀರಿನ ಜೊತೆ ಬಿಸಿನೀರೂ ಊರುತ್ತದೆ. ಚಳಿಗಾಲದ ಮುಂಜಾನೆ ಗಾಳಿ ತೀರಾ ತಣ್ಣಗಿರುವಾಗ ನೀರಿನಿಂದ ಹಬೆ ಏಳುತ್ತದೆ. ಹೊತ್ತು ಏರಿದರೆ ಮುಗಿಯಿತು. ಹನ್ನೊಂದು ಗಂಟೆಗೆ ಬಂದಿಳಿಯುವ ಬಸ್ಸಿನವರಿಗೆ ಕಾಣುವುದು ಒಂದು ಪುಟ್ಟ, ತಿಳಿನೀರಿನ ಕೆರೆ. ಮಂಜು ಬೇಕೆಂದರೆ ಹಿಂದಿನ ರಾತ್ರಿ ಅಲ್ಲೇ ಉಳಿಯಬೇಕು.

ಹಕಾತ ನಿಲ್ದಾಣಕ್ಕೆ ಎರಡು ಮುಖ: ಹಕಾತ ಕಡೆಯ ಬಾಗಿಲು, ಚಿಕುಶಿ ಕಡೆಯ ಬಾಗಿಲು. ಟೂರ್ ಬಸ್ಸುಗಳು ಹೆಚ್ಚಾಗಿ ಸೇರುವುದು ಚಿಕುಶಿ ಕಡೆ. ತಪ್ಪಾದ ಬಾಗಿಲಲ್ಲಿ ಕಾಯುವುದೇ ಬಸ್ಸು ತಪ್ಪಲು ದೊಡ್ಡ ಕಾರಣ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆಳಗಿನ ಜನಸಂದಣಿಯಲ್ಲಿ ನಡೆಯಲು ಐದು ನಿಮಿಷ ಬೇಕು, ಬಸ್ಸು ಐದು ನಿಮಿಷ ಕಾಯುವುದಿಲ್ಲ. ಹಿಂದಿನ ಸಂಜೆಯೇ ಒಮ್ಮೆ ಹೋಗಿ ಜಾಗ ನೋಡಿಕೊಳ್ಳಿ.

ಚೀಲದಲ್ಲಿ ಹೆಚ್ಚೇನೂ ಬೇಡ. ಮುಖ ಒರೆಸುವಷ್ಟು ಚಿಕ್ಕ ಟವೆಲ್ ಒಂದು, ಮೈ ಒರೆಸಲು ತೆಳ್ಳಗಿನ ಟವೆಲ್ ಇನ್ನೊಂದು (ನಮ್ಮ ಪಂಚೆ ಅಂಗವಸ್ತ್ರದಂಥದ್ದೇ ಎಲ್ಲಕ್ಕಿಂತ ಮೇಲು, ಬೇಗ ಒಣಗುತ್ತದೆ), ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರ್, ಕಸಕ್ಕೆ ಇನ್ನೊಂದು ಕವರ್. ಜಪಾನಿನ ಬೀದಿಗಳಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ. 1,000 ಯೆನ್ ನೋಟುಗಳು ಮೂರು ನಾಲ್ಕು, 100 ಯೆನ್ ನಾಣ್ಯಗಳು ಏಳೆಂಟು. ಸಣ್ಣ ಸ್ನಾನಗೃಹಗಳ ಟಿಕೆಟ್ ಯಂತ್ರಕ್ಕೂ ಲಾಕರಿಗೂ ಕಾರ್ಡು ನಡೆಯುವುದಿಲ್ಲ. ಸುಲಭವಾಗಿ ಬಿಚ್ಚಿ ತೊಡುವ ಚಪ್ಪಲಿ. ಹೆಂಗಸರಿಗೆ ಕೂದಲು ಎತ್ತಿ ಕಟ್ಟಲು ಕ್ಲಿಪ್ಪು.

ಯುಫುಯಿನ್‌ನಿಂದ ಬೆಪ್ಪುವಿಗೆ ಗುಡ್ಡದ ದಾರಿಯಲ್ಲಿ ಹೋಗುವ ಬಸ್ಸಾದರೆ ಎಡಗಡೆ ಕಿಟಕಿ ಹಿಡಿಯಿರಿ. 1,583 ಮೀಟರ್ ಎತ್ತರದ ಯುಫು ಬೆಟ್ಟ, ಎರಡು ಕೊಂಬಿನಂಥ ನೆತ್ತಿಯೊಂದಿಗೆ, ಬಹಳ ಹೊತ್ತು ಆ ಬದಿಗೇ ನಿಂತಿರುತ್ತದೆ. ಕೆಳಗಿನ ಇಳಿಜಾರಿನಲ್ಲಿ ಮರಗಳಿಲ್ಲ, ಬರೀ ಹುಲ್ಲು. ವಸಂತಕ್ಕೆ ಮುಂಚೆ ಊರವರು ಅದಕ್ಕೆ ಬೆಂಕಿ ಕೊಟ್ಟು ಸುಡುತ್ತಾರೆ, ಆದ್ದರಿಂದಲೇ ಕಾಡು ಬೆಳೆದು ಮುಚ್ಚಿಲ್ಲ. ಕುದುರೆಮುಖದ ಹುಲ್ಲುಬೆಟ್ಟ ಕಂಡವರಿಗೆ ನೋಟ ಪರಿಚಿತ ಅನ್ನಿಸೀತು. ಚಳಿಗಾಲದಲ್ಲಿ ಮಾತ್ರ ಅದು ಹೊಂಬಣ್ಣ. ದಾರಿ ತಿರುವುಮುರುವು, ತಲೆ ಸುತ್ತುವವರು ಮುಂದಿನ ಸೀಟು ಕೇಳಿ, ಹೊಟ್ಟೆ ತುಂಬ ತಿಂದು ಹತ್ತಬೇಡಿ. ಇದೇ ಎತ್ತರದಲ್ಲಿ ಹಾಯುವ ಒಯಿತ ಎಕ್ಸ್‌ಪ್ರೆಸ್‌ವೇ ಮಂಜಿಗೆ ಹೆಸರಾದದ್ದು. ದಟ್ಟ ಮಂಜು, ಹಿಮ ಬಿದ್ದರೆ ಯುಫುಯಿನ್ ಆಚೆಗಿನ ಭಾಗವನ್ನು ಮುಚ್ಚುತ್ತಾರೆ, ಬಸ್ಸು ಕೆಳಗಿನ ರಸ್ತೆ ಹಿಡಿಯುತ್ತದೆ, ಅರ್ಧ ಮುಕ್ಕಾಲು ಗಂಟೆ ತಡ. ಆ ರಾತ್ರಿಗೆ ಹಕಾತದಿಂದ ವಿಮಾನವನ್ನೋ ರೈಲನ್ನೋ ಗೊತ್ತು ಮಾಡಿಕೊಳ್ಳದಿರುವುದು ಕ್ಷೇಮ.

ಯುಫುಯಿನ್‌ನಲ್ಲಿ ಬಸ್ಸಿಳಿದ ಜನ ಯುನೊತ್ಸುಬೊ ಬೀದಿಗೆ ನುಗ್ಗುತ್ತಾರೆ. ಐಸ್‌ಕ್ರೀಮು, ಬೊಂಬೆ, ಕೀಚೈನು. ನಮಗೆ ಅದು ಬೇಡ. ರ‍್ಯೊಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹಗಳಲ್ಲಿ ಹಲವು, ಉಳಿಯದವರಿಗೂ ಹಗಲು ಹೊತ್ತು ಸ್ನಾನಕ್ಕೆ ಅವಕಾಶ ಕೊಡುತ್ತವೆ. ಇದಕ್ಕೆ 'ತಚಿಯೊರಿ-ಯು' ಎನ್ನುತ್ತಾರೆ. ಈ ಒಂದು ಪದ ಬಾಯಿಪಾಠ ಮಾಡಿಕೊಳ್ಳಿ. ತೊಡಕು ಏನೆಂದರೆ, ಬೆಳಗ್ಗೆ ಅತಿಥಿಗಳು ಖಾಲಿ ಮಾಡಿದ ಮೇಲೆ ತೊಟ್ಟಿ ತೊಳೆಯುತ್ತಾರೆ, ಮಧ್ಯಾಹ್ನ ಮೂರಕ್ಕೆ ಹೊಸ ಅತಿಥಿಗಳು ಬರುತ್ತಾರೆ. ಹೊರಗಿನವರಿಗೆ ಸಿಗುವುದು ನಡುವಿನ ಎರಡು ಮೂರು ಗಂಟೆ. ರಜಾದಿನಗಳಲ್ಲಿ ಅದೂ ಇಲ್ಲ. ನಾನು ಮಾಡಿದ್ದು ಇಷ್ಟೇ: ಬಸ್ಸು ನಿಲ್ಲುವ ಜಾಗಕ್ಕೆ ಹತ್ತು ನಿಮಿಷದೊಳಗಿನ ಮೂರು ಸ್ನಾನಗೃಹಗಳ ಹೆಸರನ್ನು ಜಪಾನಿ ಅಕ್ಷರದಲ್ಲೇ ಮೊಬೈಲಿನಲ್ಲಿ ಇಟ್ಟುಕೊಂಡು, ಬಸ್ಸು ಹೈವೇ ವಿಶ್ರಾಂತಿ ತಾಣದಲ್ಲಿ ನಿಂತಾಗ ಗೈಡಿಗೆ ತೋರಿಸಿ, 'ಇವತ್ತು ತಚಿಯೊರಿ-ಯು ಇದೆಯೇ ಎಂದು ಒಂದು ಫೋನು ಮಾಡಿ ಕೇಳುತ್ತೀರಾ' ಎಂದು ವಿನಂತಿಸುವುದು. ಒಂದು ಕಡೆ ಇಲ್ಲವೆಂದರೆ ಇನ್ನೊಂದು ಇದ್ದೀತು. ಊರಿಗೆ ಬಂದಿಳಿದ ಮೇಲೆ ಬಾಗಿಲು ಬಾಗಿಲಿಗೆ ಹೋಗಿ ಕೇಳಿದರೆ ನಿಮಿಷಗಳು ಬೀದಿಯಲ್ಲೇ ಕರಗುತ್ತವೆ.

ಆ 120 ನಿಮಿಷ ಹೀಗೆ ಹಂಚಿ: ಹೋಗಲು 10, ಚಪ್ಪಲಿ-ಹಣ-ಲಾಕರ್ 5, ತೊಳೆದುಕೊಳ್ಳಲು 10, ನೀರಿನಲ್ಲಿ ಎರಡು ಸಲ ಸೇರಿ 15, ನಡುವೆ ಆರಲು 5, ಒರೆಸಿ ಬಟ್ಟೆ ತೊಟ್ಟು ತಲೆ ಒಣಗಿಸಲು 15. ಒಂದು ಗಂಟೆ ಆಯಿತು. ಊಟಕ್ಕೆ 30, ಮರಳಲು 15, ಉಳಿದ 15 ಕೈಮೀರಿದ್ದಕ್ಕೆ. ಕೆರೆ ನೋಡುವುದು ಈ ಹದಿನೈದರಲ್ಲೇ.

ಇನ್ನು ಸ್ನಾನ. ಕನ್ನಡಿಗರು ಎಡವುವುದು ಇಲ್ಲಿಯೇ, ಸಂಕೋಚಕ್ಕಿಂತ ಹೆಚ್ಚಾಗಿ ಅಭ್ಯಾಸದಿಂದ. ನಮ್ಮ ಲೆಕ್ಕದ ಸ್ನಾನ ತೊಟ್ಟಿಯ ಹೊರಗೇ ಪೂರ್ತಿ ಮುಗಿಯಬೇಕು. ತೊಟ್ಟಿಗೆ ಇಳಿಯುವುದು ಮೈ ಕಾಯಿಸಿಕೊಳ್ಳಲು ಮಾತ್ರ. ಬಾಗಿಲ ಪರದೆಯಲ್ಲಿ ಗಂಡಸರಿಗೆ 男, ಹೆಂಗಸರಿಗೆ 女 ಎಂದಿರುತ್ತದೆ. ಬಣ್ಣ ನಂಬಬೇಡಿ, ಅಕ್ಷರ ನೋಡಿ. ಕೆಲವು ಕಡೆ ಎರಡು ಕೋಣೆಗಳನ್ನು ದಿನಕ್ಕೊಮ್ಮೆ ಅದಲುಬದಲು ಮಾಡುತ್ತಾರೆ. ಒಳಗೆ ಬಟ್ಟೆಯೆಲ್ಲ ಬುಟ್ಟಿಗೆ. ಈಜುಡುಗೆ ಇಲ್ಲ, ಒಳಚಡ್ಡಿಯೂ ಇಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೊಬೈಲ್ ಹೊರತೆಗೆಯಲೇಬಾರದು. ಚಿಕ್ಕ ಟವೆಲ್ ಹಿಡಿದು ಒಳಗೆ ಹೋಗಿ, ನಲ್ಲಿಯ ಮುಂದಿನ ಮೋಟು ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ತೊಳೆಯಿರಿ. ನಿಂತು ತೊಳೆದರೆ ಪಕ್ಕದವರಿಗೆ ಸಿಡಿಯುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದವರು ಎರಡು ಸಲ ಶಾಂಪೂ ಹಾಕಬೇಕು, ಇಲ್ಲವಾದರೆ ಎಲ್ಲರೂ ಕೂತ ನೀರಿನ ಮೇಲೆ ಎಣ್ಣೆಯ ಪಸೆ ತೇಲುತ್ತದೆ. ಅರಿಶಿನವೂ ಅಷ್ಟೇ. ಮೆಹಂದಿ ಹಚ್ಚಿದ ಕೈ ಹಚ್ಚೆಯಂತೆ ಕಾಣುತ್ತದೆ, ಹಚ್ಚೆಗೆ ಹಲವು ಕಡೆ ಪ್ರವೇಶವಿಲ್ಲ. ಅಂಥವರಿಗೂ, ಮನೆಮಂದಿಯೆಲ್ಲ ಒಟ್ಟಿಗೆ ಇರಬೇಕೆನ್ನುವವರಿಗೂ 'ಕಶಿಕಿರಿ' ಎಂಬ ಬಾಡಿಗೆ ಸ್ನಾನಕೋಣೆ ಉತ್ತಮ. ಗಂಟೆ ಲೆಕ್ಕದಲ್ಲಿ ಕೊಡುತ್ತಾರೆ. ಸಾಮಾನ್ಯ ಸ್ನಾನಗೃಹದಲ್ಲಿ ಏಳು ವರ್ಷ ತುಂಬಿದ ಮಗನನ್ನು ತಾಯಿ ತನ್ನ ಕಡೆ ಕರೆದೊಯ್ಯಲು ಬಹುಪಾಲು ಕಡೆ ಬಿಡುವುದಿಲ್ಲ.

ತೊಟ್ಟಿಗೆ ಇಳಿಯುವ ಮೊದಲು ತಂಬಿಗೆಯಂಥ ಪಾತ್ರೆಯಲ್ಲಿ ಅದೇ ನೀರು ಮೊಗೆದು ಪಾದ, ಮೊಣಕಾಲು, ಸೊಂಟ, ಹೆಗಲು ಎಂಬ ಕ್ರಮದಲ್ಲಿ ಹೊಯ್ದುಕೊಳ್ಳಿ. ನೀರು ಸಾಮಾನ್ಯವಾಗಿ 41–42 ಡಿಗ್ರಿ. ಹಂಡೆಯಿಂದ ಇನ್ನೂ ಬಿಸಿ ನೀರು ಮೊಗೆದು ಹೊಯ್ದುಕೊಂಡು ಬೆಳೆದವರು ಇದೇನು ಮಹಾ ಅಂದುಕೊಳ್ಳುತ್ತಾರೆ. ಹೊಯ್ದ ನೀರು ಜಾರಿ ಹೋಗುತ್ತದೆ, ಇಲ್ಲಿ ಕತ್ತಿನವರೆಗೆ ಬಿಸಿಯೊಳಗೇ ಕೂತಿರುತ್ತೀರಿ. ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಹತ್ತು ನಿಮಿಷ ಕೂತು ಥಟ್ಟನೆ ಎದ್ದರೆ ಕಣ್ಣು ಕತ್ತಲೆ. ಮೊದಲ ಸಲ ಐದು ನಿಮಿಷ, ಹೊರಗೆ ಕೂತು ಆರಿ, ಮತ್ತೆ ಹತ್ತು. ಏಳುವಾಗ ಅಂಚು ಹಿಡಿದು ನಿಧಾನ. ಚಿಕ್ಕ ಟವೆಲ್ ನೀರಿಗೆ ತಾಗದಂತೆ ತಲೆಯ ಮೇಲಿರಲಿ. ಮುಂಚೆ ಒಂದು ಲೋಟ, ಆಮೇಲೆ ಒಂದು ಲೋಟ ನೀರು ಕುಡಿಯಿರಿ.

ಬೆಳ್ಳಿಯ ವಿಷಯ ಯಾರೂ ಹೇಳುವುದಿಲ್ಲ. ಯುಫುಯಿನ್‌ನ ನೀರು ಬಹುಪಾಲು ಸೌಮ್ಯ, ತೊಂದರೆಯಿಲ್ಲ. ಬೆಪ್ಪುವಿನ ಮ್ಯೋಬಾನ್ ಕಡೆಯ ನೀರಲ್ಲಿ ಗಂಧಕವಿದೆ, ಆಮ್ಲವೂ ಇದೆ. ಕಾಲುಂಗುರ, ಕಾಲ್ಗೆಜ್ಜೆ, ಉಡಿದಾರ ನಿಮಿಷಗಳಲ್ಲಿ ಕಪ್ಪಾಗುತ್ತವೆ. ಕಾಲುಂಗುರ ಬಿಚ್ಚಲು ಮನಸ್ಸಿಲ್ಲದವರು ಆ ನೀರಿಗೆ ಇಳಿಯದಿರುವುದೇ ಸರಿ. ಅಂಥ ನೀರಿನಿಂದ ಎದ್ದ ಮೇಲೆ ಸಾದಾ ನೀರಲ್ಲಿ ಮೈ ತೊಳೆಯಬೇಕು, ಇಲ್ಲದಿದ್ದರೆ ತುರಿಕೆ.

ಸಸ್ಯಾಹಾರಿಗಳಿಗೆ ಯುಫುಯಿನ್ ಊಟ ಕಷ್ಟ. ಸೋಬಾ, ಉದೋನ್ ನೂಡಲ್ಸಿನ ಸಾರಿಗೆ ಒಣ ಮೀನಿನ ಕಷಾಯ ಹಾಕಿರುತ್ತಾರೆ, 'ಮಾಂಸವಿಲ್ಲ' ಎಂದು ಅವರು ಹೇಳುವಾಗ ಮೀನನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಚಪಾತಿ-ಚಟ್ನಿಪುಡಿಯೋ ಒಗ್ಗರಣೆ ಅವಲಕ್ಕಿಯೋ ಜೊತೆಗಿರಲಿ, ನಡೆಯುತ್ತ ತಿನ್ನದೆ ಒಂದು ಕಡೆ ಕೂತು ತಿನ್ನಿ. ಬೆಪ್ಪುವಿನ ಕನ್ನವ ಬಡಾವಣೆಯಲ್ಲಿ ಮಾತ್ರ ನಮಗೆ ಹೇಳಿಮಾಡಿಸಿದ ಪದ್ಧತಿ ಇದೆ, 'ಜಿಗೊಕು-ಮುಶಿ': ನೆಲದಿಂದ ಬರುವ ಹಬೆಯಲ್ಲೇ ಬೇಯಿಸುವುದು. ಗೆಣಸು, ಜೋಳ, ಕುಂಬಳ. ಇಡ್ಲಿ ಅಟ್ಟದ ತತ್ವವೇ, ಒಲೆ ಮಾತ್ರ ಜ್ವಾಲಾಮುಖಿಯದು. ಗೆಣಸಿಗೆ ಉಪ್ಪೂ ಬೇಕೆನಿಸುವುದಿಲ್ಲ.

ನರಕಗಳಲ್ಲಿ ಐದು ಕನ್ನವದಲ್ಲಿ ನಡೆಯುವಷ್ಟು ಹತ್ತಿರ, ಎರಡು ಮಾತ್ರ ಮೂರು ಕಿಲೋಮೀಟರಿನಷ್ಟು ಆಚೆ. ಒಂದನ್ನೇ ನೋಡುವುದಾದರೆ ಉಮಿ ಜಿಗೊಕು, ಕಡಲ ನೀಲಿಯ ಕೊಳ, 98 ಡಿಗ್ರಿ. ಕಮಾದೊದಲ್ಲಿ ಸಿಬ್ಬಂದಿ ಸಣ್ಣ ಹೊಗೆಯೊಂದನ್ನು ಕೊಳದತ್ತ ಊದಿದರೆ ಸುತ್ತಲೂ ದಟ್ಟ ಹಬೆ ಏಳುತ್ತದೆ. ಮಾಯೆಯಲ್ಲ, ಹೊಗೆಯ ಕಣಗಳ ಸುತ್ತ ಆವಿ ಹನಿಗಟ್ಟುತ್ತದೆ, ಅಷ್ಟೇ. ಚಿನೊಯಿಕೆಯ ರಕ್ತಗೆಂಪು ಕಬ್ಬಿಣದ ತುಕ್ಕಿನದು. ತತ್ಸುಮಾಕಿ ಚಿಮ್ಮುವುದು ಮೂವತ್ತು ನಲವತ್ತು ನಿಮಿಷಕ್ಕೊಮ್ಮೆ. ನಿಮಗೆ ಕೊಟ್ಟ ಸಮಯ ಅದಕ್ಕಿಂತ ಕಡಿಮೆಯಿದ್ದರೆ ಬರೀ ಬಂಡೆ ನೋಡಿ ಬರಬೇಕಾದೀತು. ಒನಿಯಾಮದ ಮೊಸಳೆಗಳು ನನಗೆ ರುಚಿಸಲಿಲ್ಲ. ಉಮಿ, ಕಮಾದೊ, ಚಿನೊಯಿಕೆಗಳಲ್ಲಿ ಪಾದ ಅದ್ದುವ ತೊಟ್ಟಿಗಳಿವೆ; ಜೀನ್ಸ್ ಬೇಡ, ಮೊಣಕಾಲಿನವರೆಗೆ ಮಡಚಲು ಬಾರದು.

ಯುಫುಯಿನ್‌ನಲ್ಲಿ ಸ್ನಾನ ಕೈತಪ್ಪಿದರೆ ಎರಡನೇ ಉಪಾಯ: ಬೆಪ್ಪುವಿನಲ್ಲೇ ಪ್ರವಾಸದಿಂದ ಹೊರಬರುವುದು. ಹೀಗಾಗಬಹುದೆಂದು ಬೆಳಗ್ಗೆ ಬಸ್ಸು ಹತ್ತುವಾಗಲೇ ಗೈಡಿಗೆ ಹೇಳಿಡಬೇಕು, ಕೆಲವರು ಸಹಿ ಕೇಳುತ್ತಾರೆ, ಕೆಲವರು ಒಪ್ಪುವುದಿಲ್ಲ, ಹಣ ವಾಪಸಿಲ್ಲ. ಕನ್ನವದಿಂದ ಊರ ಬಸ್ಸಿನಲ್ಲಿ ಬೆಪ್ಪು ನಿಲ್ದಾಣಕ್ಕೆ ಇಪ್ಪತ್ತೈದು ನಿಮಿಷ. ಅಲ್ಲಿಂದ ಹತ್ತು ನಿಮಿಷ ನಡೆದರೆ ತಾಕೆಗವರ ಸ್ನಾನಗೃಹ. 1879ರಲ್ಲಿ ಶುರುವಾದದ್ದು, ಈಗಿನ ಮರದ ಕಟ್ಟಡ 1938ರದು. ಬಾಗಿಲು ತೆರೆದಿದೆಯೇ ಎಂದು ಹೋಗುವ ಮೊದಲು ನೋಡಿಕೊಳ್ಳಿ. ಮೈಮೇಲೆ ಬಿಸಿ ಮರಳು ಹೊದಿಸುವ ಸ್ನಾನಕ್ಕೆ ಅಲ್ಲಿ ಯುಕಾತ ಎಂಬ ಹತ್ತಿಯ ನಿಲುವಂಗಿ ಕೊಡುತ್ತಾರೆ, ಬೆತ್ತಲೆಯ ಸಂಕೋಚವಿರುವವರಿಗೆ ಇದೇ ವಾಸಿ. ಹಿಂದಿರುಗಲು ಸೋನಿಕ್ ಎಂಬ ಎಕ್ಸ್‌ಪ್ರೆಸ್ ರೈಲು ಸುಮಾರು ಎರಡು ಗಂಟೆ, ಹೈವೇ ಬಸ್ಸು ಸ್ವಲ್ಪ ಹೆಚ್ಚು, ದರ ಅದರ ಅರ್ಧದಷ್ಟು. ದಾರಿಯ ಕೊಕುರ ನಿಲ್ದಾಣದಲ್ಲಿ ಸೋನಿಕ್ ಬಂದ ದಿಕ್ಕಿಗೇ ತಿರುಗಿ ಓಡುತ್ತದೆ. ಆಗ ಬೋಗಿಯವರೆಲ್ಲ ಎದ್ದು ನಿಂತು ಸೀಟು ತಿರುಗಿಸುತ್ತಾರೆ. ಗಾಬರಿಯಾಗಬೇಡಿ, ನಿಮ್ಮದರ ಕೆಳಗೂ ಒಂದು ಪೆಡಲ್ ಇದೆ, ಕಾಲಿನಿಂದ ಒತ್ತಿ.