ಬೆಸುಗೆ ಹಿಡಿಯಬೇಕಾದರೆ ಮೊದಲು ವೈರ್ ಕಾಯಬೇಕು

ರೇಡಿಯೊ ಕೆಟ್ಟಿದೆ ಅಂತ ಮೂಲೆಗೆ ಇಟ್ಟಿರುತ್ತೇವೆ. ಬಿಚ್ಚಿ ನೋಡಿದರೆ ಸೆಲ್ ಹಾಕುವ ಜಾಗದಿಂದ ಹೋಗುವ ಕೆಂಪು ವೈರ್ ಕಿತ್ತು ಬಂದಿರುತ್ತದೆ, ಅಷ್ಟೇ. ಟಾರ್ಚ್, ಮಕ್ಕಳ ಆಟದ ಕಾರು, ಗೋಡೆ ಗಡಿಯಾರ, ಎಷ್ಟೋ ಸಲ ಎಲ್ಲದರ ಕಥೆಯೂ ಇದೇ. ಬೆಸುಗೆ ಹಾಕುವ ಒಂದು ಸೋಲ್ಡರಿಂಗ್ ಐರನ್ ಇದ್ದು, ಅದನ್ನು ಹಿಡಿಯುವ ರೀತಿ ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ.

ನಾನು ಮೊದಲ ಸಲ ಬೆಸುಗೆ ಹಾಕಿದ್ದು ಅಮ್ಮನ ರೇಡಿಯೊಗೆ. ಐರನ್ ತುದಿಯಲ್ಲಿ ಲೆಡ್, ಅಂದರೆ ಬೆಸುಗೆ ತಂತಿ, ಕರಗಿಸಿ ಆ ಹನಿಯನ್ನು ತಂದು ವೈರ್ ಮೇಲೆ ಬಿಟ್ಟೆ. ನೋಡಲು ಗಟ್ಟಿಯಾಗಿಯೇ ಕಂಡಿತು. ಎರಡು ದಿನ ಹಾಡಿತು. ಮೂರನೇ ದಿನ ಪ್ರದೇಶ ಸಮಾಚಾರದ ನಡುವೆಯೇ ನಿಂತುಹೋಯಿತು. ಬಿಚ್ಚಿದರೆ ಲೆಡ್ಡಿನ ಗುಂಡು ಇದ್ದ ಹಾಗೇ ಇತ್ತು. ವೈರ್ ಮಾತ್ರ ಅದರೊಳಗಿಂದ ಹಾಲುಹಲ್ಲು ಕಳಚಿದ ಹಾಗೆ ಸಲೀಸಾಗಿ ಹೊರಗೆ ಬಂತು. ಲೆಡ್ ಅದನ್ನು ಹಿಡಿದೇ ಇರಲಿಲ್ಲ. ಸುಮ್ನೆ ಸುತ್ತ ಕೂತಿತ್ತು.

ಬೆಸುಗೆ ಅಂದರೆ ಅಂಟಲ್ಲ. ಕಲಾಯಿಯವರು ಬೀದಿಗೆ ಬರುತ್ತಿದ್ದದ್ದು ಹಿರಿಯರಿಗೆ ನೆನಪಿರುತ್ತದೆ. ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಚೆನ್ನಾಗಿ ಕಾಯಿಸಿ, ನವಸಾಗರದ ಪುಡಿ ಉದುರಿಸುತ್ತಿದ್ದರು. ಬಿಳಿ ಹೊಗೆ ಏಳುತ್ತಿತ್ತು. ಆಗ ತವರ ಸೋಕಿಸಿ ಹತ್ತಿಯಿಂದ ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಹಾಗೆ ಹರಡಿಕೊಳ್ಳುತ್ತಿತ್ತು. ಪಾತ್ರೆ ಬಿಸಿ ಇತ್ತು, ಮೈ ಶುಚಿ ಇತ್ತು, ಅದಕ್ಕೇ ತವರ ಹಿಡಿಯುತ್ತಿತ್ತು. ರೇಡಿಯೊದ ಬೆಸುಗೆಯಲ್ಲಿ ನಡೆಯುವುದೂ ಇದೇ. ಲೆಡ್ಡಿನಲ್ಲಿರುವ ತವರ ಬಿಸಿ ತಾಮ್ರದ ಜೊತೆ ಬೆರೆತು ತೆಳ್ಳನೆಯ ಒಂದು ಪದರ ಕಟ್ಟುತ್ತದೆ. ಆ ಪದರವೇ ಹಿಡಿತ. ತಾಮ್ರ ತಣ್ಣಗಿದ್ದರೂ, ಕಿಲುಬು ಹಿಡಿದಿದ್ದರೂ ಅದು ಕಟ್ಟುವುದಿಲ್ಲ.

ಅಂಗಡಿಯಲ್ಲಿ ಏನು ಕೇಳಬೇಕು

ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಬೇರೆ ಊರಿನಲ್ಲಿ ಟಿ.ವಿ. ರಿಪೇರಿಯ ಸಾಮಾನು ಮಾರುವ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ. ವೈರ್ ಮತ್ತು ಸಣ್ಣ ಬೋರ್ಡ್ ಕೆಲಸಕ್ಕೆ 25 ವಾಟ್ ಐರನ್ ಸಾಕು. ದಪ್ಪ ತಗಡಿಗೆ, ದಪ್ಪ ವೈರ್‌ಗೆ 60 ವಾಟ್ ಬೇಕು. ಕಮ್ಮಿ ವಾಟ್ ಇದ್ದರೆ ಸಾಮಾನಿಗೆ ಅಪಾಯ ಕಮ್ಮಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ದಪ್ಪ ತಗಡಿನ ಮೇಲೆ ಸಣ್ಣ ಐರನ್ ಇಟ್ಟರೆ ಅದು ಕಾಯಲು ಅರ್ಧ ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಪಕ್ಕದ ಪ್ಲಾಸ್ಟಿಕ್ ಕರಗಿರುತ್ತದೆ. ಬೇಗ ಕಾಯಿಸಿ ಬೇಗ ಎತ್ತುವ ಐರನ್ನೇ ಮೇಲು. ಪ್ಲಗ್ ಮೂರು ಪಿನ್ನಿನದಾಗಿರಲಿ. ಒಳಗಿನ ಕಾಯಿಲ್ ಹಾಳಾಗಿ ಐರನ್ನಿನ ಮೈಗೆ ಕರೆಂಟ್ ಬಂದರೆ ಆ ಅರ್ತ್ ಪಿನ್ನೇ ಕಾಪಾಡುವುದು.

ಬೆಸುಗೆ ತಂತಿಯನ್ನು ಅಂಗಡಿಯಲ್ಲಿ ಲೆಡ್ ಅಂತಲೇ ಕೇಳಬೇಕು. ಆದರೆ ಅದರಲ್ಲಿ ಸೀಸಕ್ಕಿಂತ ತವರವೇ ಜಾಸ್ತಿ. 60/40 ಅಂತ ಬರೆದಿದ್ದರೆ ನೂರಕ್ಕೆ 60 ಪಾಲು ತವರ, 40 ಪಾಲು ಸೀಸ. 63/37 ಸಿಕ್ಕರೆ ಅದನ್ನೇ ತನ್ನಿ. ಅದು ಸರಿಯಾಗಿ 183 ಡಿಗ್ರಿಗೆ ಕರಗುತ್ತದೆ, ಅದೇ ಡಿಗ್ರಿಗೆ ಥಟ್ಟನೆ ಗಟ್ಟಿಯಾಗುತ್ತದೆ. 60/40 ಗಟ್ಟಿಯಾಗುವಾಗ ಸ್ವಲ್ಪ ಹೊತ್ತು ಮುದ್ದೆಯ ಹಾಗಿರುತ್ತದೆ. ಆ ಹೊತ್ತಿನಲ್ಲಿ ಕೈ ಅಲುಗಿದರೆ ಬೆಸುಗೆ ಬಿರುಕು ಬಿಡುತ್ತದೆ. ಸೀಸವೇ ಇಲ್ಲದ ಲೆಡ್ ಕೂಡ ಸಿಗುತ್ತದೆ. ಅದು ಕರಗಲು 217 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು, ಹರಿಯುವುದೂ ನಿಧಾನ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಕಷ್ಟ ಪಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. 22 ಗೇಜ್ ತಂತಿ ತೆಗೆದುಕೊಳ್ಳಿ, ಸಣ್ಣ ಕೆಲಸಕ್ಕೆ ಹದವಾಗಿರುತ್ತದೆ.

ಇನ್ನೊಂದು ಬೇಕಾದದ್ದು ಫ್ಲಕ್ಸ್. ಚಿಕ್ಕ ಡಬ್ಬಿಯಲ್ಲಿ ಬರುತ್ತದೆ, ಪೇಸ್ಟ್ ಅಂತಲೂ ಕರೆಯುತ್ತಾರೆ. ನವಸಾಗರ ಪಾತ್ರೆಗೆ ಮಾಡಿದ ಕೆಲಸವನ್ನೇ ಇದು ವೈರ್‌ಗೆ ಮಾಡುತ್ತದೆ, ಕಿಲುಬು ತೆಗೆಯುತ್ತದೆ. ಪೈನ್ ಮರದ ರಾಳದಿಂದ ಮಾಡಿದ್ದೇ ಬೇಕು ಅಂತ ಹೇಳಿ ಕೇಳಿ. ತಗಡಿನ ಕೆಲಸದವರು ಬಳಸುವ ಆಸಿಡ್ ಫ್ಲಕ್ಸ್ ರೇಡಿಯೊಗೆ ಬೇಡವೇ ಬೇಡ. ಇವತ್ತು ಚೆನ್ನಾಗಿ ಹಿಡಿದ ಹಾಗೆ ಕಾಣುತ್ತದೆ, ಕೆಲವು ತಿಂಗಳಲ್ಲಿ ವೈರನ್ನೇ ತಿಂದುಹಾಕುತ್ತದೆ.

ಸ್ಟ್ಯಾಂಡ್ ಇಲ್ಲದೆ ಐರನ್ ಕೊಳ್ಳಬೇಡಿ. ತಟ್ಟೆಯ ಅಂಚಿಗೆ, ಪುಸ್ತಕಕ್ಕೆ ಒರಗಿಸಿಟ್ಟ ಐರನ್ ಒಂದಲ್ಲ ಒಂದು ದಿನ ಉರುಳುತ್ತದೆ.

ಬಿಟ್‌ಗೆ ಕಲಾಯಿ

ಐರನ್ನಿನ ತುದಿಗೆ ಬಿಟ್ ಅನ್ನುತ್ತಾರೆ. ಹೊಸ ಐರನ್ ಮೊದಲ ಸಲ ಕಾಯುವಾಗ ಸ್ವಲ್ಪ ಹೊಗೆ ಬರಬಹುದು, ಹೆದರಬೇಡಿ, ಕಿಟಕಿ ತೆಗೆದಿಡಿ. ಬಿಟ್ ಕಾಯುತ್ತಿರುವಾಗಲೇ ಲೆಡ್ ತಾಗಿಸುತ್ತಿರಿ. ಕರಗಲು ಶುರುವಾದ ಕೂಡಲೇ ತುದಿಯ ಸುತ್ತ ಸವರಿ. ತುದಿ ಪೂರ್ತಿ ಬೆಳ್ಳಗೆ ಹೊಳೆಯಬೇಕು. ತಡ ಮಾಡಿದರೆ ಬಿಟ್ ಕಪ್ಪಾಗುತ್ತದೆ. ಕಪ್ಪು ಬಿಟ್ ಎಷ್ಟು ಕಾದಿದ್ದರೂ ಬಿಸಿಯನ್ನು ವೈರ್‌ಗೆ ದಾಟಿಸುವುದಿಲ್ಲ, ಲೆಡ್ ಅದರ ಮೇಲಿಂದ ಜಾರಿ ಬೀಳುತ್ತದೆ.

ಸ್ಟ್ಯಾಂಡಿನ ಸ್ಪಂಜನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ. ನೀರು ತೊಟ್ಟಿಕ್ಕುತ್ತಿದ್ದರೆ ಬಿಟ್ ಒಂದೇ ಸಲಕ್ಕೆ ತಣ್ಣಗಾಗುತ್ತದೆ. ಪ್ರತಿ ಬೆಸುಗೆಗೂ ಮುಂಚೆ ಒಮ್ಮೆ ಒರೆಸಿ. ಬಿಟ್ ಕಪ್ಪಾಯಿತು ಅಂತ ಅರ ಹಾಕಿ ಉಜ್ಜುವ ಮುಂಚೆ ಬಣ್ಣ ನೋಡಿ. ಒಳಗೆಲ್ಲ ಬರೀ ಕೆಂಪು ತಾಮ್ರದ ಬಿಟ್ ಆದರೆ ಉಜ್ಜಿ ಮತ್ತೆ ಕಲಾಯಿ ಹಾಕಬಹುದು. ಬೆಳ್ಳನೆಯ ಲೇಪನ ಇರುವ ಬಿಟ್ ಆದರೆ ಅರವನ್ನೂ ಉಪ್ಪುಕಾಗದವನ್ನೂ ತಾಗಿಸಬೇಡಿ. ಮೇಲಿನ ಕಬ್ಬಿಣದ ಪದರ ಹೋದರೆ ಒಳಗಿನ ತಾಮ್ರ ಲೆಡ್ಡಿನಲ್ಲಿ ಕರಗುತ್ತಾ ಹೋಗಿ ಬಿಟ್ ಗುಳಿ ಬೀಳುತ್ತದೆ.

ಈಗ ಆ ಕೆಂಪು ವೈರ್

ಮೊದಲು ಸೆಲ್ ತೆಗೆಯಿರಿ. ಕರೆಂಟಿಗೂ ಹಾಕುವ ರೇಡಿಯೊ ಆದರೆ ಪ್ಲಗ್ ಕಿತ್ತು ಪಕ್ಕಕ್ಕಿಡಿ, ಬರೀ ಸ್ವಿಚ್ ಆರಿಸಿದರೆ ಸಾಲದು. ಕನ್ನಡಕ ಹಾಕಿಕೊಳ್ಳಿ. ನೈಲಾನ್ ಬಟ್ಟೆಗಿಂತ ಹತ್ತಿ ಬಟ್ಟೆ ವಾಸಿ. ಕೂದಲು ಉದ್ದ ಇದ್ದರೆ ಕಟ್ಟಿಕೊಳ್ಳಿ.

ವೈರ್ ಅಂಟಬೇಕಾದ ತಗಡನ್ನು ನೋಡಿ. ಸೆಲ್ ಸೋರಿದ್ದರೆ ಅದರ ಮೇಲೆ ಬಿಳಿಯೋ ಹಸಿರೋ ಪುಡಿ ಇರುತ್ತದೆ. ಅದನ್ನು ಒರೆಸಿ, ಉಪ್ಪುಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ. ಸಾಧ್ಯವಾದರೆ ತಗಡನ್ನು ಪ್ಲಾಸ್ಟಿಕ್ ಡಬ್ಬಿಯಿಂದ ಮೇಲಕ್ಕೆ ಎಳೆದು ಹೊರಗೆ ತೆಗೆಯಿರಿ. ಹೆಚ್ಚಿನ ರೇಡಿಯೊಗಳಲ್ಲಿ ಅದು ಸುಮ್ನೆ ಸಂದಿಯಲ್ಲಿ ಸಿಕ್ಕಿಸಿರುತ್ತದೆ. ಡಬ್ಬಿಯಲ್ಲೇ ಇಟ್ಟು ಕಾಯಿಸಿದರೆ ಪ್ಲಾಸ್ಟಿಕ್ ಮೆತ್ತಗಾಗಿ ತಗಡು ವಾಲುತ್ತದೆ, ಆಮೇಲೆ ಸೆಲ್ ಕೂರುವುದಿಲ್ಲ.

ವೈರಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಐದಾರು ಮಿಲಿಮೀಟರ್ ಸುಲಿಯಿರಿ. ಎಳೆಗಳನ್ನು ಬತ್ತಿ ಹೊಸೆಯುವ ಹಾಗೆ ಹೊಸೆಯಿರಿ. ಸ್ವಲ್ಪ ಫ್ಲಕ್ಸ್ ಸವರಿ. ಈಗ ಬಿಟ್ ಮೇಲೆ ಚೂರೇ ಚೂರು ಲೆಡ್ ಹಾಕಿಕೊಳ್ಳಿ. ಇದು ಬೆಸುಗೆಗೆ ಅಲ್ಲ, ಬಿಸಿ ದಾಟಲು. ಒಣ ಬಿಟ್ ವೈರನ್ನು ಎಲ್ಲೋ ಒಂದು ಚುಕ್ಕೆಯಲ್ಲಿ ಮುಟ್ಟುತ್ತದೆ, ಲೆಡ್ಡಿನಿಂದ ಒದ್ದೆಯಾದ ಬಿಟ್ ಮೈಯೆಲ್ಲ ಮುಟ್ಟುತ್ತದೆ. ಬಿಟ್ಟನ್ನು ವೈರಿನ ಕೆಳಗಿಡಿ, ಲೆಡ್ ತಂತಿಯನ್ನು ವೈರಿನ ಮೇಲಿಂದ ತಾಗಿಸಿ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಲೆಡ್ ಎಳೆಗಳ ನಡುವೆ ಇಳಿಯುವುದನ್ನು ಕಣ್ಣಾರೆ ನೋಡಬಹುದು, ಎಣ್ಣೆ ಬತ್ತಿಗೆ ಏರುವ ಹಾಗೆ. ಆ ಒಂದು ಕ್ಷಣ ಕಾಯುವುದನ್ನು ಕಲಿತರೆ ಅರ್ಧ ಕೆಲಸ ಕಲಿತ ಹಾಗೆ. ತಗಡಿಗೂ ಇದೇ ರೀತಿ ಒಂದು ತೆಳು ಪದರ ಹಾಕಿ.

ಈಗ ಎರಡನ್ನೂ ಸೇರಿಸಿ. ವೈರ್ ಹಿಡಿಯಲು ಇಕ್ಕಳ ಬಳಸಿ, ಬೆರಳಲ್ಲಿ ಬೇಡ, ತಾಮ್ರದಲ್ಲಿ ಬಿಸಿ ಬಹಳ ಬೇಗ ಓಡಿ ಬರುತ್ತದೆ. ಬಿಟ್ ವೈರನ್ನೂ ತಗಡನ್ನೂ ಒಟ್ಟಿಗೆ ಮುಟ್ಟುತ್ತಿರಬೇಕು. ಎರಡು ಮೂರು ಸೆಕೆಂಡ್ ಬಿಡಿ. ಇನ್ನೊಂದು ಕಡೆಯಿಂದ ಲೆಡ್ ತಾಗಿಸಿ. ಕರಗಿದ ಲೆಡ್ ಯಾವಾಗಲೂ ಬಿಸಿ ಇರುವ ಕಡೆಗೇ ಹರಿಯುತ್ತದೆ. ಬಿಟ್‌ಗೇ ತಾಗಿಸಿದರೆ ಅಲ್ಲೇ ನಿಲ್ಲುತ್ತದೆ, ತಗಡಿಗೆ ತಾಗಿಸಿದರೆ ತಗಡಿನ ಮೇಲೆ ಹರಡುತ್ತದೆ. ಸಾಕು ಅನಿಸಿದಾಗ ಮೊದಲು ಲೆಡ್ ತೆಗೆಯಿರಿ, ಆಮೇಲೆ ಐರನ್ ಎತ್ತಿ. ಈ ಕ್ರಮ ತಪ್ಪಬೇಡಿ, ಇಲ್ಲದಿದ್ದರೆ ತಂತಿಯೂ ಬೆಸುಗೆಯಲ್ಲೇ ಅಂಟಿಕೊಳ್ಳುತ್ತದೆ. ಗಟ್ಟಿಯಾಗುವವರೆಗೆ ಅಲುಗಾಡಿಸಬೇಡಿ, ಊದಬೇಡಿ.

ಒಳ್ಳೆಯ ಬೆಸುಗೆ ಹೊಳೆಯುತ್ತದೆ. ಅಂಚು ಗುಡ್ಡದ ಇಳಿಜಾರಿನ ಹಾಗೆ ತಗಡಿಗೆ ಇಳಿದಿರುತ್ತದೆ. ಒಳಗಿರುವ ವೈರಿನ ಆಕಾರ ಮೇಲಿನಿಂದಲೇ ತಿಳಿಯುತ್ತದೆ. ಕೆಟ್ಟ ಬೆಸುಗೆ ಕೆಸುವಿನ ಎಲೆಯ ಮೇಲಿನ ನೀರ ಹನಿಯ ಹಾಗೆ ಗುಂಡಗೆ ಕೂತಿರುತ್ತದೆ. ಹನಿ ಎಲೆಗೆ ಅಂಟಿರುವುದಿಲ್ಲ, ಅಲ್ವಾ? ಇದೂ ಹಾಗೇ. ಸೀಸ ಇಲ್ಲದ ಲೆಡ್ ಬಳಸಿದ್ದರೆ ಹೊಳಪು ನೋಡಬೇಡಿ, ಚೆನ್ನಾಗಿ ಹಿಡಿದಾಗಲೂ ಅದು ಮಂಕಾಗಿರುತ್ತದೆ, ಅಂಚನ್ನೇ ನೋಡಿ. ತಣ್ಣಗಾದ ಮೇಲೆ ವೈರನ್ನು ಮೆಲ್ಲಗೆ ಎಳೆದು ನೋಡಿ. ಅಲುಗಿದರೆ ಸ್ವಲ್ಪ ಫ್ಲಕ್ಸ್ ಹಾಕಿ ಮತ್ತೆ ಕಾಯಿಸಿದರೆ ಸಾಕು, ಮೇಲೆ ಮೇಲೆ ಲೆಡ್ ಪೇರಿಸಬೇಡಿ.

ಹಳೆಯ ಬೆಸುಗೆ ಬಿಡಿಸುವಾಗ ಒಂದು ವಿಚಿತ್ರ ಉಪಾಯ ಕೆಲಸ ಮಾಡುತ್ತದೆ. ಮೊದಲು ಅದಕ್ಕೇ ಹೊಸ ಲೆಡ್ ಸ್ವಲ್ಪ ಸೇರಿಸಿ. ಹೊಸ ತಂತಿಯೊಳಗೇ ತುಂಬಿರುವ ಫ್ಲಕ್ಸ್‌ನಿಂದ ಹಳೆಯದೂ ನೀರಾಗುತ್ತದೆ. ಆಗ ಕರಗಿದ ಲೆಡ್ ಹೀರುವ ಡಿಸೋಲ್ಡರಿಂಗ್ ಪಂಪ್ ಒತ್ತಿ ಎಳೆದರೆ ಎಲ್ಲ ಒಟ್ಟಿಗೆ ಬರುತ್ತದೆ.

ಕೈ, ಕಣ್ಣು, ಉಸಿರು

ಬಿಟ್ 300ರಿಂದ 400 ಡಿಗ್ರಿ ಬಿಸಿ ಇರುತ್ತದೆ. ಕೆಂಪಗೆ ಕಾಣುವುದಿಲ್ಲ, ಅದೇ ಅಪಾಯ. ಐರನ್ ಕೈಜಾರಿ ಬೀಳುತ್ತಿದ್ದರೆ ಹಿಡಿಯಲು ಹೋಗಬೇಡಿ. ಕಾಲು ಹಿಂದಕ್ಕೆ ತೆಗೆದುಕೊಳ್ಳಿ, ಬೀಳಲಿ. ಬಿಟ್ ಹಾಳಾದರೆ ಇನ್ನೊಂದು ಸಿಗುತ್ತದೆ. ಐರನ್ನಿನ ವೈರ್ ಮೇಜಿನ ಅಂಚಿನಲ್ಲಿ ಜೋತಾಡದ ಹಾಗೆ, ಬಿಟ್‌ಗೆ ತಾಗದ ಹಾಗೆ ನೋಡಿಕೊಳ್ಳಿ.

ಸುಟ್ಟರೆ ತಕ್ಷಣ ನಲ್ಲಿಯ ಕೆಳಗೆ ಹಿಡಿಯಿರಿ. ಹರಿಯುವ ತಣ್ಣೀರಿನಲ್ಲಿ 20 ನಿಮಿಷ, ಗಡಿಯಾರ ನೋಡಿಕೊಂಡು. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಯಾವುದೂ ಬೇಡ. ಐಸ್ ಕೂಡ ಬೇಡ. ಗುಳ್ಳೆ ದೊಡ್ಡದಾದರೆ, ಕಣ್ಣಿಗೆ ಸಿಡಿದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಏಳುವ ಹೊಗೆ ಸೀಸದ್ದಲ್ಲ, ರಾಳದ್ದು. ಈ ಬಿಸಿಗೆ ಸೀಸ ಆವಿಯಾಗುವುದು ತೀರಾ ಕಮ್ಮಿ. ಆದರೆ ರಾಳದ ಹೊಗೆಯೂ ಒಳ್ಳೆಯದಲ್ಲ, ದಿನಾ ಕುಡಿದವರಿಗೆ ಉಬ್ಬಸ ಬರಬಹುದು. ಬೆಸುಗೆಯ ಮೇಲೆ ಬಗ್ಗಿ ಕೂರುವ ಅಭ್ಯಾಸ ಬಿಡಿ. ಕಿಟಕಿ ತೆಗೆದು, ಹೊಗೆಯನ್ನು ಪಕ್ಕಕ್ಕೆ ಎಳೆಯುವ ಹಾಗೆ ಸಣ್ಣ ಫ್ಯಾನ್ ಇಡಿ. ಸೀಸ ಒಳಗೆ ಹೋಗುವುದು ಬಾಯಿಂದ. ಕೆಲಸ ಮಾಡುತ್ತಾ ಕಾಫಿ ಕುಡಿಯುವುದು, ಎರಡೂ ಕೈ ಬೇಕು ಅಂತ ಲೆಡ್ ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುವುದು ಬೇಡ. ಎರಡನೆಯದನ್ನು ನಾನು ಅನುಭವಸ್ಥ ಮೆಕ್ಯಾನಿಕ್‌ಗಳಲ್ಲೂ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಊಟದ ಮೇಜಿನ ಮೇಲೆ, ಅಡುಗೆ ಕಟ್ಟೆಯ ಮೇಲೆ ಈ ಕೆಲಸ ಮಾಡಬೇಡಿ. ಗರ್ಭಿಣಿಯರು, ಸಣ್ಣ ಮಕ್ಕಳು ಹತ್ತಿರ ಇರದಿರಲಿ.

ಹೊಸಬರು ಮುಟ್ಟಬಾರದ ಸಾಮಾನುಗಳೂ ಇವೆ. ಮೈಕ್ರೋವೇವ್, ಇನ್ವರ್ಟರ್, ಟಿ.ವಿ.ಯ ಪವರ್ ಬೋರ್ಡ್ ಇವುಗಳಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. ಮೊಬೈಲಿನ ಲಿಥಿಯಂ ಬ್ಯಾಟರಿಗೆ ನೇರವಾಗಿ ಐರನ್ ತಾಗಿಸಿದರೆ ಬೆಂಕಿ ಹತ್ತಬಹುದು.

ರೇಡಿಯೊ ಮುಚ್ಚುವ ಮುಂಚೆ ಸೆಲ್ ಹಾಕಿ, ಹಾಡುತ್ತಿರುವಾಗಲೇ ಬ್ಯಾಟರಿ ಡಬ್ಬಿಯನ್ನು ಅಲುಗಾಡಿಸಿ ನೋಡಿ. ದನಿ ಕಡಿಯದಿದ್ದರೆ ಸ್ಕ್ರೂ ಬಿಗಿಯಿರಿ. ಐರನ್ ಆರಿಸುವಾಗ ಬಿಟ್ಟನ್ನು ಒರೆಸಿ ಬರಿದಾಗಿ ಬಿಡಬೇಡಿ, ಕೊನೆಗೊಂದು ದಪ್ಪ ಹನಿ ಲೆಡ್ ಹಾಕಿ ಹಾಗೇ ಆರಲು ಬಿಡಿ. ಮುಂದಿನ ಸಲ ಆ ಹನಿ ಕರಗಿದಾಗ ಅಡಿಯಲ್ಲಿ ಬಿಟ್ ಬೆಳ್ಳಗೇ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಒಂದು ಇಪ್ಪತ್ತು ನಿಮಿಷ ಸ್ಟ್ಯಾಂಡಿನಲ್ಲೇ ಇರಲಿ. ಮೇಜಿನ ಮೇಲೆ ಉದುರಿದ ಲೆಡ್ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಆಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ, ಉಗುರಿನ ಸಂದಿಯನ್ನೂ ಸೇರಿಸಿ.